ತೂಕದ ಪ್ರೋಗ್ರಾಮಿಗೆ ನಾಲ್ಕು ದಾರಿ: ಇಫ್‌ಡೆಫ್, ಆಟೋಕಾನ್ಫ್, ಸಿಮೇಕ್, ಮೆಸಾನ್

ಶಿರಸಿಯಲ್ಲಿ ನಮ್ಮ ಭಾವನ ಅಡಿಕೆ ವಖಾರಿ ಇದೆ. ಅಲ್ಲಿನ ಎಲೆಕ್ಟ್ರಾನಿಕ್ ತಕ್ಕಡಿ ಸೀರಿಯಲ್ ಕೇಬಲ್ಲಿನಲ್ಲಿ ತೂಕ ಕಳಿಸುತ್ತದೆ. ಅದನ್ನು ಓದಿ, ರಾಶಿಯೋ ಚಾಲಿಯೋ ಬೆಟ್ಟೆಯೋ ಅಂತ ಗುರುತು ಹಾಕಿ, ಹೊತ್ತಿನ ಸಮೇತ ಫೈಲಿಗೆ ಬರೆಯುವ ಸಣ್ಣ ಸಿ ಪ್ರೋಗ್ರಾಮು ನಾನು ಬರೆದದ್ದು. ವಖಾರಿಯ ಲಿನಕ್ಸ್ ಮಷಿನ್ನಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಕಾರವಾರದ ಬೈತಖೋಲದಲ್ಲಿ ಮೀನು ವ್ಯಾಪಾರ ಮಾಡುವ ಗೆಳೆಯ, ಬಾಂಗ್ಡೆ ತೂಕಕ್ಕೂ ಇದೇ ಬೇಕು ಅಂದ. ಅವನದು ಲಿನಕ್ಸ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಫ್ರೀಬಿಎಸ್‌ಡಿ ಹಾಕಿದ ಹಳೆಯ ಕಂಪ್ಯೂಟರು. ತಂಗಿಯ ಮಗನ ಹತ್ತಿರ ಇರುವುದು ಮ್ಯಾಕ್. ಒಂದೇ ಸೋರ್ಸ್ ಮೂರೂ ಕಡೆ ಕಂಪೈಲ್ ಆಗಬೇಕು. ಅದಕ್ಕಾಗಿ ನಾಲ್ಕು ದಾರಿ ಹಿಡಿದು ನೋಡಿದೆ.

ಸೀರಿಯಲ್ ಪೋರ್ಟ್ ಓದುವುದು ಕಷ್ಟ ಆಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಪೋರ್ಟ್ ನಡೆಸುವ ಟರ್ಮಿಯೋಸ್, ಇಂಥ ವ್ಯವಸ್ಥೆಗಳಿಗೆಲ್ಲ ಸಾಮಾನ್ಯ ನಿಯಮಾವಳಿಯಾದ ಪೋಸಿಕ್ಸ್‌ನಲ್ಲೇ ಇದೆ, ಎಲ್ಲ ಕಡೆ ಒಂದೇ. ಲಿನಕ್ಸ್‌ನಲ್ಲಿ ಟಿಟಿವೈಯುಎಸ್‌ಬಿ0, ಫ್ರೀಬಿಎಸ್‌ಡಿಯಲ್ಲಿ ಸಿಯುಎಯು0 ಅಂತ ಡಿವೈಸಿನ ಹೆಸರು ಬೇರೆ ಅಷ್ಟೇ. ಅದನ್ನು ಓಡಿಸುವಾಗ ಕೊಟ್ಟರೆ ಸಾಕು. ತೊಂದರೆ ಬಂದದ್ದು ನಾನು ನೆನೆಸಿಯೇ ಇರದ ಸಣ್ಣ ಸಣ್ಣ ಫಂಕ್ಷನ್‌ಗಳಲ್ಲಿ.

ಮೊದಲ ದಾರಿ ಎಲ್ಲರೂ ಹಿಡಿಯುವುದೇ: ಪ್ರೋಗ್ರಾಮು ಕಟ್ಟುವ ಹೆಜ್ಜೆಗಳನ್ನು ಮೇಕ್ ಎಂಬ ಸಾಧನಕ್ಕೆ ಹೇಳುವ, ಕೈಯಲ್ಲಿ ಬರೆದ ಮೇಕ್‌ಫೈಲ್; ಕೋಡಿನ ಒಳಗೆ ‘ಇಂಥ ವ್ಯವಸ್ಥೆ ಆದರೆ ಈ ಸಾಲು ಸೇರಿಸು’ ಅನ್ನುವ ಇಫ್‌ಡೆಫ್. ಪೆನ್‌ಡ್ರೈವ್ ಕಾರವಾರಕ್ಕೆ ಹೋಯಿತು. ಸಂಜೆಯೇ ಫೋನ್ ಬಂತು. ‘ಮೇಕೇ ಆಗ್ತಾ ಇಲ್ಲ ಮಾರಾಯಾ, ಎರಡನೇ ಸಾಲಿಗೇ ನಿಂತಿದೆ.’ ಆ ಸಾಲಿನಲ್ಲಿ ಇಫ್‌ಈಕ್ಯೂ ಅನ್ನುವ ಷರತ್ತು ಇತ್ತು. ಅದು ಲಿನಕ್ಸ್‌ನಲ್ಲಿ ಬಳಸುವ ಗ್ನೂ ಮೇಕ್‌ನ ಮಾತು. ಫ್ರೀಬಿಎಸ್‌ಡಿಯ ಸ್ವಂತ ಮೇಕ್‌ಗೆ ಅದು ತಿಳಿಯುವುದಿಲ್ಲ. ಗ್ನೂ ಮೇಕನ್ನು ಅಲ್ಲಿ ಜಿಮೇಕ್ ಎಂಬ ಹೆಸರಿನಲ್ಲಿ ಬೇರೆಯಾಗಿ ಹಾಕಿಕೊಳ್ಳಬೇಕು.

ಅದನ್ನು ಸರಿ ಮಾಡಬಹುದಿತ್ತು. ಇಫ್‌ಡೆಫ್‌ನ ತಪ್ಪು ಅದಕ್ಕಿಂತ ಆಳದ್ದು. ಅಕ್ಷರಗಳ ಸಾಲನ್ನು ನಕಲು ಮಾಡುವ ಸ್ಟ್ರ್‌ಎಲ್‌ಸಿಪಿವೈ ಅನ್ನುವ ಫಂಕ್ಷನ್ 1998ರಲ್ಲಿ ಓಪನ್‌ಬಿಎಸ್‌ಡಿಯಲ್ಲಿ ಬಂತು. ಫ್ರೀಬಿಎಸ್‌ಡಿಯಲ್ಲೂ ಮ್ಯಾಕ್‌ನಲ್ಲೂ ಇದೆ. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಬಹಳ ವರ್ಷ ಇರಲಿಲ್ಲ. ಹಾಗಾಗಿ ‘ಲಿನಕ್ಸ್ ಆದರೆ ನಮ್ಮದೇ ಸ್ಟ್ರ್‌ಎಲ್‌ಸಿಪಿವೈ ಬಳಸು’ ಅಂತ ಬರೆದಿದ್ದೆ. 2023ರಲ್ಲಿ ಗ್ಲಿಬ್‌ಸಿ 2.38ರಲ್ಲಿ ಆ ಫಂಕ್ಷನ್ ಸೇರಿತು. ಭಾವ ಮಷಿನ್ನಿಗೆ ಉಬುಂಟು 24.04 ಹಾಕಿಸಿದ. ‘ಭಾವಾ, ಕಂಪೈಲೇ ಆಗ್ತಿಲ್ಲೆ’ ಅಂದ. ಹೋಗಿ ನೋಡಿದರೆ ಲೈಬ್ರರಿಯ ಫಂಕ್ಷನ್‌ಗಳನ್ನು ಘೋಷಿಸುವ ಹೆಡರ್ ಫೈಲಿನಲ್ಲಿ ಒಂದು ಸ್ಟ್ರ್‌ಎಲ್‌ಸಿಪಿವೈ, ನನ್ನ ಫೈಲಿನಲ್ಲಿ ಸ್ಟ್ಯಾಟಿಕ್ ಅಂತ ಇನ್ನೊಂದು. ಎರಡೂ ಡಿಕ್ಕಿ ಹೊಡೆದಿವೆ. ನಾನು ಒಂದಕ್ಷರ ಮುಟ್ಟದೇ ಇದ್ದ ಕೋಡು ಮುರಿದುಹೋಗಿತ್ತು. ನಾನು ಕೇಳಬೇಕಿದ್ದದ್ದು ‘ಇದು ಲಿನಕ್ಸಾ?’ ಅಂತಲ್ಲ, ‘ಸ್ಟ್ರ್‌ಎಲ್‌ಸಿಪಿವೈ ಇದೆಯಾ?’ ಅಂತ. ಊರಿನ ಹೆಸರು ಕೇಳಿ ಅಲ್ಲಿ ಯಾವ ಅಂಗಡಿ ಇದೆ ಅಂತ ಹೇಳಲು ಬರುತ್ತದಾ?

ಉಳಿದ ಮೂರೂ ದಾರಿ ಈ ಎರಡನೇ ಪ್ರಶ್ನೆಯನ್ನೇ ಕೇಳುತ್ತವೆ. ಪುಟ್ಟ ಸಿ ತುಣುಕೊಂದನ್ನು ಕಂಪೈಲ್ ಮಾಡಿ ನೋಡುವುದು. ಕಂಪೈಲ್ ಆದರೆ ಇದೆ, ಆಗದಿದ್ದರೆ ಇಲ್ಲ.

ಆಟೋಕಾನ್ಫ್ ಅನ್ನು ಡೇವಿಡ್ ಮೆಕೆಂಜಿ 1991ರಲ್ಲಿ ಶುರು ಮಾಡಿದ್ದು. ಪರೀಕ್ಷೆಗಳನ್ನು ಎಂ4 ಎಂಬ ಭಾಷೆಯ ಮ್ಯಾಕ್ರೋಗಳಲ್ಲಿ, ಅಂದರೆ ಉದ್ದ ಕೋಡಾಗಿ ಬಿಚ್ಚಿಕೊಳ್ಳುವ ಕಿರುಹೆಸರುಗಳಲ್ಲಿ, ಬರೆಯಬೇಕು. ಒಂದು ಚೌಕ ಆವರಣ ತಪ್ಪಿದರೆ ಎಲ್ಲೋ ದೂರದಲ್ಲಿ ಅರ್ಥವಾಗದ ತಪ್ಪು ಬರುತ್ತದೆ. ಕಲಿಯಲು ನನಗೆ ಜಾಸ್ತಿ ದಿನ ಹಿಡಿದದ್ದು ಇದೇ. ಆದರೆ ಆ ಕಷ್ಟ ಪೂರ್ತಿ ಬರೆಯುವವನದು. ಪಡೆಯುವವನಿಗೆ ಹೋಗುವುದು ಅದರಿಂದ ಹುಟ್ಟಿದ, ಪರೀಕ್ಷೆಗಳನ್ನು ಓಡಿಸುವ ಕಾನ್ಫಿಗರ್ ಎಂಬ ಸಾದಾ ಶೆಲ್ ಸ್ಕ್ರಿಪ್ಟು. ಅವನಿಗೆ ಬೇಕಾದ್ದು ಶೆಲ್, ಮೇಕ್, ಸಿ ಕಂಪೈಲರ್ ಮೂರೇ. ಆಟೋಕಾನ್ಫ್‌ನ ಜೊತೆಗಾರ ಆಟೋಮೇಕ್ ಹುಟ್ಟಿಸುವ ಮೇಕ್‌ಫೈಲ್ ಬಿಎಸ್‌ಡಿ ಮೇಕ್‌ನಲ್ಲೂ ಓಡುತ್ತದೆ. ಆಷಾಢದ ಮಳೆಯಲ್ಲಿ ಬೈತಖೋಲದಲ್ಲಿ ನೆಟ್ ಇರಲಿಲ್ಲ. ದೇವಿಮನೆ ಘಟ್ಟ ಇಳಿದು ಹೋದ ಪೆನ್‌ಡ್ರೈವಿನಿಂದ ಅವನು ಏನನ್ನೂ ಇನ್‌ಸ್ಟಾಲ್ ಮಾಡದೆ ಪ್ರೋಗ್ರಾಮು ಕಟ್ಟಿಕೊಂಡ. ನನ್ನ ಲೆಕ್ಕದಲ್ಲಿ ಆಟೋಕಾನ್ಫ್ ಗೆದ್ದದ್ದು ಅವತ್ತು.

ನಿಧಾನ ಅನ್ನುವುದು ನಿಜ. ಒಂದೊಂದು ಪರೀಕ್ಷೆಗೂ ಕಂಪೈಲರನ್ನು ಸರದಿಯಲ್ಲಿ ಕರೆಯುತ್ತದೆ. ಹಳೆಯ ಮಷಿನ್ನಿನಲ್ಲಿ ಚಹಾ ಕುದಿಸಿ ಬರಬಹುದು, ಪ್ರೋಗ್ರಾಮು ಕಂಪೈಲ್ ಆಗಲು ಅಷ್ಟು ಹೊತ್ತು ಬೇಡ.

ಸಿಮೇಕ್ ಬರೆಯಲು ಸಲೀಸು. ಮೊದಲ ದಿನವೇ ಮೂರೂ ಕಡೆ ಕಟ್ಟಿತು. ಎರಡನೇ ದಿನ ವಖಾರಿಯಲ್ಲಿ ಪ್ರೋಗ್ರಾಮು ತನ್ನದಲ್ಲದ ಮೆಮೊರಿ ಮುಟ್ಟಿ ಸೆಗ್‌ಫಾಲ್ಟ್ ಆಗಿ ಬಿತ್ತು, ಕಾರವಾರದಲ್ಲಿ ಸುಮ್ನೆ ಓಡುತ್ತಲೇ ಇತ್ತು. ಇದನ್ನು ಹತ್ತಿರದಿಂದ ನೋಡಬೇಕು. ಹಳೆಯ ಫೈಲಿನ ದಿನಾಂಕ ಓದಲು ಸ್ಟ್ರ್‌ಪಿಟೈಮ್ ಬಳಸಿದ್ದೆ. ಅದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಹಿಂದಿರುಗಿಸುತ್ತದೆ. ‘ಚೆಕ್ ಫಂಕ್ಷನ್ ಎಕ್ಸಿಸ್ಟ್ಸ್’ ಎಂಬ ಪರೀಕ್ಷೆ ‘ಇದೆ’ ಅಂದಿತ್ತು. ಸುಳ್ಳಲ್ಲ, ಲೈಬ್ರರಿಯಲ್ಲಿ ಇದೆ. ಆದರೆ ಆ ಪರೀಕ್ಷೆ ಲಿಂಕ್ ಆಗುತ್ತದಾ ಅಂತ ಮಾತ್ರ ನೋಡುತ್ತದೆ, ಹೆಡರ್ ನೋಡುವುದಿಲ್ಲ. ಗ್ಲಿಬ್‌ಸಿಯ ಹೆಡರಿನಲ್ಲಿ ಸ್ಟ್ರ್‌ಪಿಟೈಮ್ ಕಾಣಬೇಕಾದರೆ ಮೊದಲು ಎಕ್ಸ್‌ಓಪನ್ ಸೋರ್ಸ್ ಮ್ಯಾಕ್ರೋ ಹಾಕಿರಬೇಕು. ಹಾಕಿರಲಿಲ್ಲ. ಘೋಷಣೆ ಕಾಣದ ಕಂಪೈಲರು ಅದು 32 ಬಿಟ್‌ನ ಇಂಟ್ ಸಂಖ್ಯೆ ಕೊಡುತ್ತದೆ ಅಂದುಕೊಂಡಿತು. 64 ಬಿಟ್ ಪಾಯಿಂಟರಿನ ಮೇಲಿನ ಅರ್ಧ ಹೋಯಿತು. ಉಳಿದ ಅರ್ಧ ವಿಳಾಸಕ್ಕೆ ಹೋಗಿ ಓದಿದರೆ ಬೀಳದೆ ಏನು ಮಾಡೀತು? ಫ್ರೀಬಿಎಸ್‌ಡಿಯ ಹೆಡರಿನಲ್ಲಿ ಅದು ಮೊದಲೇ ಕಾಣುತ್ತದೆ, ಹಾಗಾಗಿ ಅಲ್ಲಿ ಏನೂ ಆಗಲಿಲ್ಲ.

‘ಚೆಕ್ ಸಿಂಬಲ್ ಎಕ್ಸಿಸ್ಟ್ಸ್’ ಬಳಸಿದರೆ ಹೆಡರನ್ನೂ ನೋಡುತ್ತದೆ. ಬಳಸಿದೆ. ಆದರೂ ಹಳೆಯ ಉತ್ತರವೇ ಬರುತ್ತಿತ್ತು, ಯಾಕಂದರೆ ಅದು ಹಿಂದಿನ ಉತ್ತರಗಳನ್ನು ಉಳಿಸಿಡುವ ಸಿಮೇಕ್‌ಕ್ಯಾಶ್ ಫೈಲಿನಲ್ಲಿ ಕೂತಿತ್ತು. ಬಿಲ್ಡ್ ಫೋಲ್ಡರನ್ನೇ ಅಳಿಸಿ ಮತ್ತೆ ಮಾಡಿದೆ. ನ್ಯಾಯವಾಗಿ ಹೇಳಬೇಕಾದರೆ ಆಟೋಕಾನ್ಫ್‌ನ ಎಸಿ ಚೆಕ್ ಫಂಕ್ಸ್ ಕೂಡ ಲಿಂಕ್ ಮಾತ್ರ ನೋಡುತ್ತದೆ. ಅಲ್ಲಿ ನಾನು ಬಚಾವಾದದ್ದು ಎಸಿ ಯೂಸ್ ಸಿಸ್ಟಮ್ ಎಕ್ಸ್‌ಟೆನ್ಷನ್ಸ್ ಅನ್ನುವ ಒಂದು ಸಾಲಿನಿಂದ. ಅದು ಬೇಕಾದ ಮ್ಯಾಕ್ರೋಗಳನ್ನೆಲ್ಲ ಕಾನ್ಫಿಗ್ ಹೆಡರಿಗೆ ಹಾಕಿಬಿಡುತ್ತದೆ. 2024ರಲ್ಲಿ ಜಿಸಿಸಿ ಎಂಬ ಕಂಪೈಲರಿನ 14ನೇ ಆವೃತ್ತಿ ಬಂದಮೇಲೆ ಘೋಷಣೆ ಇಲ್ಲದ ಫಂಕ್ಷನ್ ಕರೆದರೆ ಎಚ್ಚರಿಕೆ ಅಲ್ಲ, ಎರರ್ರೇ ಬರುತ್ತದೆ. ಒಳ್ಳೆಯದಾಯಿತು. ಆದರೆ ಹೆಡರ್ ಸೇರಿಸದೆ ಎಕ್ಸಿಟ್ ಫಂಕ್ಷನ್ ಕರೆಯುವ ಹಳೇ ಕಾನ್ಫಿಗರ್ ಪರೀಕ್ಷೆಗಳು ಈಗ ಕಂಪೈಲೇ ಆಗುವುದಿಲ್ಲ. ಇರುವುದನ್ನೂ ‘ಇಲ್ಲ’ ಅನ್ನುತ್ತವೆ.

ಆ ‘ಇಲ್ಲ’ ಎಷ್ಟು ಅಪಾಯ ಅಂತ 2024ರ ಮಾರ್ಚ್‌ನಲ್ಲಿ ಎಲ್ಲರೂ ನೋಡಿದರು. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಸಾಧನದ 5.6.0 ಮತ್ತು 5.6.1ರಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದನ್ನು ತೆರೆಯುವ ಎಂ4 ಫೈಲು ಎಲ್ಲರಿಗೂ ಕಾಣುವ ಗಿಟ್ ಸೋರ್ಸ್ ಭಂಡಾರದಲ್ಲಿ ಇರಲಿಲ್ಲ, ಹಂಚುವ ಟಾರ್‌ಬಾಲ್ ಕಟ್ಟಿನಲ್ಲಿ ಮಾತ್ರ ಇತ್ತು. ಸಾವಿರಾರು ಸಾಲಿನ ಕಾನ್ಫಿಗರ್ ಯಾರು ಓದುತ್ತಾರೆ? ಇದು ಆಟೋಕಾನ್ಫ್‌ನ ನಿಜವಾದ ದೌರ್ಬಲ್ಯ. ಆದರೆ ಅದೇ ಎಕ್ಸ್‌ಝೆಡ್‌ನ ಸಿಮೇಕ್ ಫೈಲಿನಲ್ಲೂ ಒಂದು ಪರೀಕ್ಷೆಯ ಒಳಗೆ ಒಂದೇ ಒಂದು ಚುಕ್ಕಿ ಇಟ್ಟಿದ್ದರು. ಪರೀಕ್ಷೆ ಕಂಪೈಲ್ ಆಗುತ್ತಿರಲಿಲ್ಲ, ‘ಇಲ್ಲ’ ಅಂತ ಬರುತ್ತಿತ್ತು, ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಸದ್ದಿಲ್ಲದೆ ಬಿಟ್ಟುಹೋಗುತ್ತಿತ್ತು.

ಮೆಸಾನ್ ಬಗ್ಗೆ ಹೇಳುವುದು ಕಡಿಮೆ, ಯಾಕಂದರೆ ತೊಂದರೆಯೇ ಕಡಿಮೆ. ಭಾಷೆ ಸ್ವಚ್ಛ. ಹ್ಯಾಸ್ ಫಂಕ್ಷನ್ ಕೇಳುವಾಗ ಹೆಡರನ್ನೂ ಜೊತೆಗೆ ಕೊಡಬಹುದು. ಮೇಕ್‌ನ ಬದಲು ಅದು ಬಳಸುವ ನಿಂಜಾ ಬೇಗ ಕಟ್ಟುತ್ತದೆ. ಮನೆಯಲ್ಲಿ ಕೂತು ದಿನವಿಡೀ ಬರೆಯುವ ಕೆಲಸಕ್ಕೆ ಇದೇ ನನಗೆ ಇಷ್ಟ. ಆದರೆ ಪೈಥಾನ್ ಬೇಕು, ಮೆಸಾನ್ ಬೇಕು, ನಿಂಜಾ ಬೇಕು. ನೆಟ್ ಇಲ್ಲದ ಕಾರವಾರದ ಆ ಮಷಿನ್ನಿನಲ್ಲಿ ಮೂರೂ ಇರಲಿಲ್ಲ. ಸಿಮೇಕ್ ಅನ್ನೂ ನೆಟ್ ಇರುವಾಗಲೇ ಬೇರೆಯಾಗಿ ಹಾಕಿಕೊಂಡಿರಬೇಕು.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ 16ನೇ ಆವೃತ್ತಿಯಲ್ಲಿ ಆಟೋಕಾನ್ಫ್ ಉಳಿಸಿಕೊಂಡೇ ಮೆಸಾನ್ ಸೇರಿಸಿದರು. ನಾನೂ ಸ್ವಲ್ಪ ಕಾಲ ಎರಡನ್ನೂ ಇಟ್ಟುಕೊಂಡೆ. ಒಂದರಲ್ಲಿ ಪರೀಕ್ಷೆ ಸೇರಿಸಿ ಇನ್ನೊಂದರಲ್ಲಿ ಮರೆತೆ. ನನ್ನಂಥ ಒಬ್ಬನಿಗೆ ಎರಡು ಪಟ್ಟಿ ಹೊಂದಿಸುವುದು ಆಗುವ ಕೆಲಸವಲ್ಲ. ಈಗ ಆಟೋಕಾನ್ಫ್ ಒಂದೇ. ಪೆನ್‌ಡ್ರೈವ್ ಹೊರಡುವ ಮೊದಲು, ಕಳಿಸುವ ಕಟ್ಟಿನಿಂದ ಪ್ರೋಗ್ರಾಮು ಸರಿಯಾಗಿ ಕಟ್ಟಲು ಬರುತ್ತದಾ ಅಂತ ನೋಡುವ ಮೇಕ್ ಡಿಸ್ಟ್‌ಚೆಕ್ ಓಡಿಸುತ್ತೇನೆ. ಕಾನ್ಫಿಗರ್ ಎಲ್ಲೆಲ್ಲಿ ‘ನೋ’ ಅಂದಿದೆಯೋ ಅಲ್ಲೆಲ್ಲ ಕಾನ್ಫಿಗ್ ಲಾಗ್ ತೆರೆದು ನೋಡುತ್ತೇನೆ. ಫಂಕ್ಷನ್ ನಿಜವಾಗಿ ಇಲ್ಲವೋ, ಪರೀಕ್ಷೆಯೇ ಕೆಟ್ಟಿದೆಯೋ ಅಂತ ಕಂಪೈಲರಿನ ಮಾತು ಅದರಲ್ಲಿ ಇದ್ದ ಹಾಗೇ ಇರುತ್ತದೆ. ಬೈತಖೋಲದ ಗೆಳೆಯನೂ ಈಗ ಫೋನ್ ಮಾಡುವ ಮೊದಲು ಆ ಫೈಲನ್ನೇ ಕಳಿಸುತ್ತಾನೆ.