ಚಾಕಲೇಟ್ ಇಲ್ಲದ ಈಸ್ಟರ್: ಈರುಳ್ಳಿ ಸಿಪ್ಪೆಯ ಮೊಟ್ಟೆಯೋ, ಪ್ಲಾಸ್ಟಿಕ್ ಮೊಟ್ಟೆಯೋ?

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಗೆದ್ದಿದ್ದು ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ ಮೊಟ್ಟೆ. ಪ್ಲಾಸ್ಟಿಕ್ ಮೊಟ್ಟೆಗಂತೂ ಇನ್ನು ಒಂದು ರೂಪಾಯಿಯನ್ನೂ ಹಾಕುವುದಿಲ್ಲ.

ನಾವಿರುವುದು ವಿರಾಜಪೇಟೆ ಹತ್ತಿರ. ಮಗಳಿಗೆ 14, ಮಗನಿಗೆ 11. ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದ ಮೇಲೆ ಅಂಟುವ, ಗಟ್ಟಿಯಾಗಿ ಕಚ್ಚುವ ಸಿಹಿ ಪೂರ್ತಿ ಬಂದ್. ಬೇಕರಿಯ ಮಾರ್ಜಿಪಾನ್ (ಬಾದಾಮಿ ಅಥವಾ ಗೋಡಂಬಿಗೆ ಸಕ್ಕರೆ ಸೇರಿಸಿ ಮಾಡುವ ಸಿಹಿ) ಮೊಟ್ಟೆಯೂ ಹೋಯಿತು, ಸಕ್ಕರೆ ಮೊಟ್ಟೆಯೂ ಹೋಯಿತು. ಅಕ್ಕ ನೋಡುತ್ತಾ ಕೂತಿರುವಾಗ ತಮ್ಮ ಒಬ್ಬನೇ ತಿನ್ನುವುದು ಸರಿಯಲ್ಲ ಅಲ್ವಾ? ಹಾಗಾಗಿ ಎರಡು ಪಾಸ್ಕ (ಈಸ್ಟರ್) ಹಬ್ಬಗಳನ್ನು ಮಿಠಾಯಿ ಇಲ್ಲದೆ ಮಾಡಿದೆವು.

ಮೊದಲ ವರ್ಷ ಆನ್‌ಲೈನ್‌ನಲ್ಲಿ 24 ಪ್ಲಾಸ್ಟಿಕ್ ಮೊಟ್ಟೆ ತರಿಸಿದೆ. ಎರಡು ಹೋಳು, ಒಳಗೆ ಏನು ಬೇಕಾದರೂ ತುಂಬಬಹುದು. ಮೊಟ್ಟೆ, ಒಳಗಿಡಲು ರಬ್ಬರು, ಕೀಚೈನು, ಕೂದಲ ಬ್ಯಾಂಡು ಎಲ್ಲಾ ಸೇರಿ ಸುಮಾರು 600 ರೂಪಾಯಿ ಆಯಿತು. ಜೊತೆಗೆ ಕೆಲವು ಮೊಟ್ಟೆಗಳಲ್ಲಿ ಚೀಟಿ ಇಟ್ಟೆ. ‘ಒಂದು ದಿನ ಪಾತ್ರೆ ತೊಳೆಯುವ ಕೆಲಸ ಮಾಫಿ’, ‘ರಾತ್ರಿ 11ರವರೆಗೆ ಎದ್ದಿರಬಹುದು’, ಹೀಗೆ. ಶನಿವಾರ ಸಂಜೆಯೇ ತೋಟದಲ್ಲಿ ಅಡಗಿಸಿಟ್ಟೆ. ರಾತ್ರಿ ಚರ್ಚ್‌ನ ಪಾಸ್ಕ ಜಾಗರಣೆಗೆ ಹೋಗಬೇಕಿತ್ತು, ಬರುವಾಗ ತಡವಾಗುತ್ತದೆ.

ಆ ರಾತ್ರಿ ಮಳೆ ಬಂತು. ಏಪ್ರಿಲ್ ಮಳೆ ಕಾಫಿಗೆ ಬೇಕೇ ಬೇಕು. ಕಾಫಿ ಹೂ ಅರಳಿಸುವ ಈ ಹೂಮಳೆಗೆ ಇಡೀ ಕೊಡಗು ಕಾಯುತ್ತದೆ, ನಾವೂ ಕಾದಿದ್ದೆವು. ಮೊಟ್ಟೆ ಮುಚ್ಚಿದೆ, ಒಳಗೇನೂ ಆಗುವುದಿಲ್ಲ ಅಂದುಕೊಂಡೆ. ಬೆಳಿಗ್ಗೆ ಮಗ ಮೊದಲ ಮೊಟ್ಟೆ ಬಿಚ್ಚಿದ, ನೀರು ಸುರಿಯಿತು. ಚೀಟಿ ಮುದ್ದೆಯಾಗಿತ್ತು. ಎರಡನೆಯದೂ ಹಾಗೇ.

ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ಎರಡೂ ತುದಿಯಲ್ಲಿ ಸೂಜಿ ಮೊನೆಯಷ್ಟು ತೂತು! ಮಾರುವ ಪುಟದ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ. ಎರಡು ಹೋಳು ಸೇರುವ ಜಾಗವೂ ಸಡಿಲ. ಕಲ್ಲಿನ ಕಟ್ಟೆಯ ಮೇಲಿಟ್ಟದ್ದು ಉರುಳಿ ಬಿಚ್ಚಿಕೊಂಡು ರಬ್ಬರು ಒಂದು ಕಡೆ, ಮೊಟ್ಟೆ ಇನ್ನೊಂದು ಕಡೆ ಬಿದ್ದಿತ್ತು.

ಇಷ್ಟಕ್ಕೇ ಬಿಡಲು ಮನಸ್ಸು ಬರಲಿಲ್ಲ, ದುಡ್ಡು ಕೊಟ್ಟಿದ್ದೆನಲ್ಲ. ಆ ಭಾನುವಾರ ಮಧ್ಯಾಹ್ನವೇ ಇನ್ನೊಂದು ಸಲ ಅಡಗಿಸೋಣ ಎಂದು ತೂತಿಗೆ ಮೇಣದ ಬತ್ತಿ ಕರಗಿಸಿ ಹಾಕಿದೆ. ಕೈ ತಾಗಿದ ಕೂಡಲೇ ಮೇಣ ಉದುರಿತು. ಸೆಲ್ಲೋಟೇಪ್ ಸುತ್ತಿದೆ. ಬಿಚ್ಚಲು ಕತ್ತರಿ ಬೇಕಾಯಿತು, ಅಂಟು ಹಾಗೇ ಉಳಿದು ಅದಕ್ಕೆ ಮಣ್ಣು ಮೆತ್ತಿತು. ವಾಪಸ್ ಕಳಿಸೋಣ ಅಂದರೆ ಪ್ಯಾಕೆಟ್ ಒಡೆದ ಮೇಲೆ ತೆಗೆದುಕೊಳ್ಳುವುದಿಲ್ಲ ಅಂದರು. 24ರಲ್ಲಿ ಸಿಕ್ಕಿದ್ದು 21. ಒಂದು ಜನವರಿಯಲ್ಲಿ ಕಾಫಿ ಕುಯ್ಯುವಾಗ ಗಿಡದ ಬುಡದಲ್ಲಿ ಸಿಕ್ಕಿತು. ಇನ್ನೆರಡು ಪ್ಲಾಸ್ಟಿಕ್ ಇವತ್ತಿಗೂ ನಮ್ಮ ಮಣ್ಣಿನಲ್ಲೇ ಇವೆ. ಅದನ್ನು ನೆನೆಸಿದರೆ ಈಗಲೂ ಬೇಜಾರಾಗುತ್ತದೆ.

ಮಗಳು ಕೇಳಿದ್ದು ಒಂದೇ ಮಾತು: “ಅಮ್ಮಾ, ಇದು ಯುಕೆಜಿ ಮಕ್ಕಳಿಗೆ ತಂದಿದ್ದಾ?” ಅವಳ ವಯಸ್ಸಿಗೆ ಕೀಚೈನು ಸಾಲದು. ಮಾಡಲು ಏನಾದರೂ ಕೆಲಸ ಬೇಕು.

ಮರುವರ್ಷ ಈರುಳ್ಳಿ ಸಿಪ್ಪೆಗೆ ಬಂದೆವು. ಗ್ರೀಸ್‌ನಲ್ಲಿ, ಪೂರ್ವ ಯೂರೋಪಿನಲ್ಲಿ ಹಿಂದಿನಿಂದಲೂ ಈಸ್ಟರ್ ಮೊಟ್ಟೆಗೆ ಹೀಗೆ ಬಣ್ಣ ಕಟ್ಟುತ್ತಾರೆ. ಹನ್ನೆರಡು ಬಳ್ಳಾರಿ ಈರುಳ್ಳಿಯ ಒಣ ಸಿಪ್ಪೆ, ಒಂದು ಲೀಟರ್ ನೀರು, ಎರಡು ಚಮಚ ವಿನೆಗರ್. ಅರ್ಧ ಗಂಟೆ ಕುದಿಸಿ, ಸೋಸಿ, ಆರಿಸಿ, ಅದರಲ್ಲೇ ಮೊಟ್ಟೆ ಬೇಯಿಸಬೇಕು. ನಾಟಿ ಕೋಳಿ ಮೊಟ್ಟೆಗೆ ಬಣ್ಣ ಎದ್ದು ಕಾಣುವುದಿಲ್ಲ, ಅಂಗಡಿಯ ಬಿಳಿ ಮೊಟ್ಟೆಯೇ ಸರಿ. ಹುಳಿ ಬೇಕಿದ್ದರೆ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡುವ ಕೊಡಗಿನ ಹುಳಿ) ಹಾಕೋಣ ಅಂದ ಮಗ. ಕಾಚಂಪುಳಿ ತಾನೇ ಕಪ್ಪು, ಬೆಲೆಯೂ ಜಾಸ್ತಿ. ಅದು ಪಂದಿ ಕರಿಗೇ (ಹಂದಿ ಮಾಂಸದ ಸಾರಿಗೇ) ಇರಲಿ ಎಂದೆ.

ಚಂದ ಇರುವುದು ಎಲೆಯ ಅಚ್ಚಿನಲ್ಲಿ. ಬರೆಯಲ್ಲಿ (ಮಣ್ಣಿನ ಇಳಿಜಾರಿನಲ್ಲಿ) ಬೆಳೆಯುವ ಜರಿಗಿಡದ ಎಳೆ ತುದಿ, ಕೊತ್ತಂಬರಿ ಎಲೆ ಇವನ್ನು ಹಸಿ ಮೊಟ್ಟೆಗೆ ನೀರು ಹಚ್ಚಿ ಅಂಟಿಸಿ, ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ಬಿಗಿಯಾಗಿ ಕಟ್ಟಬೇಕು. ಬಣ್ಣ ಎಲೆಯ ಸುತ್ತ ಹಿಡಿಯುತ್ತದೆ, ಎಲೆಯ ಜಾಗ ಬಿಳಿಯಾಗಿ ಉಳಿಯುತ್ತದೆ. ಬಿಗಿ ಸಾಲದಿದ್ದರೆ ಅಂಚು ಕಲೆಸಿಹೋಗುತ್ತದೆ. ಮಗಳ ಮೊದಲ ಎರಡು ಮೊಟ್ಟೆ ಹಾಗೇ ಆದವು. ಮೂರನೆಯದರಲ್ಲಿ ಜರಿಯ ಒಂದೊಂದು ಹಲ್ಲೂ ಎದ್ದು ಬಂತು. ಫೋನ್ ಕೆಳಗಿಟ್ಟು ಅವಳು ಎರಡು ಗಂಟೆ ಅಡುಗೆಮನೆಯಲ್ಲೇ ಇದ್ದಳು!

ಸಂಜೆ ಬೇಯಿಸಿ, ಆರಿದ ಮೇಲೆ ಪಾತ್ರೆಯ ಸಮೇತ ಫ್ರಿಜ್‌ನಲ್ಲಿಟ್ಟು ಸಂತ ಅನ್ನಮ್ಮ ಚರ್ಚ್‌ಗೆ ಹೋದೆವು. ಅದು 1792ರಿಂದ ಇರುವ ಚರ್ಚು. ಹೊಸ ಬೆಂಕಿ, ಮೇಣದ ಬತ್ತಿಯ ಬೆಳಕು, ಬಲಿಪೂಜೆ ಎಲ್ಲಾ ಮುಗಿಸಿ ಮನೆಗೆ ಬರುವಷ್ಟರಲ್ಲಿ ಬಣ್ಣ ಗಾಢ ಕಂದುಗೆಂಪಿಗೆ ತಿರುಗಿತ್ತು. ಒಂದು ಹನಿ ತೆಂಗಿನೆಣ್ಣೆ ಸವರಿದರೆ ಹೊಳೆಯುತ್ತದೆ. ಅರಿಶಿನದ ಹಳದಿಯೂ ಚೆನ್ನಾಗಿ ಬರುತ್ತದೆ. ಬೀಟ್‌ರೂಟ್ ಬೇಡ, ಪೇಲವ.

ಬೆಳಿಗ್ಗೆ ಮೊಟ್ಟೆ ಕುಟ್ಟುವ ಆಟ. ತುದಿಗೆ ತುದಿ ತಾಗಿಸಿ ಕುಟ್ಟಬೇಕು, ಒಡೆಯದ ಮೊಟ್ಟೆಯವರು ಗೆದ್ದ ಹಾಗೆ. ತುಳುನಾಡಿನ ತಾರಾಯಿ (ತೆಂಗಿನಕಾಯಿ) ಕುಟ್ಟುವ ಆಟವನ್ನು ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಅತ್ತೆ ಸತತ ನಾಲ್ಕು ಗೆದ್ದರು. ಒಡೆದದ್ದೆಲ್ಲ ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ಜೊತೆ ಮೊಟ್ಟೆ ಸಾರಿಗೆ ಹೋಯಿತು. ಬೇಯಿಸಿದ ಮೊಟ್ಟೆಯನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ, ತೋಟದಲ್ಲಿ ಅಡಗಿಸಲೂ ಬೇಡಿ.

ಸುಳಿವು ಹುಡುಕುವ ಆಟಕ್ಕೆ ಎರಡನೇ ಸ್ಥಾನ. ಒಂದು ಚೀಟಿ ಇನ್ನೊಂದರ ಜಾಗ ಹೇಳಬೇಕು. ನಿಂಬೆರಸದಲ್ಲಿ ಬರೆದು ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಹಿಡಿದರೆ ಅಕ್ಷರ ಕಂದಾಗಿ ಮೂಡುತ್ತದೆ. ಮಗನಿಗೆ ಇದೇ ಪ್ರಾಣ. ಖರ್ಚಿಲ್ಲ, ಆದರೆ ಹತ್ತು ಒಳ್ಳೆಯ ಸುಳಿವು ಹೊಸೆಯಲು ನನಗೆ ಮೂರು ಸಂಜೆ ಹಿಡಿಯಿತು. ಮನೆಯೊಳಗೇ ಆಡಿಸಿ. ಕಾಫಿ ಹೂವಿದ್ದಾಗ ಮಕ್ಕಳು ಗಿಡಗಳ ನಡುವೆ ನುಗ್ಗುವುದನ್ನು ನಮ್ಮ ಮಾವ ಒಪ್ಪುವುದಿಲ್ಲ.

ಖಾಲಿ ಮೊಟ್ಟೆಗೆ ಪೇಂಟಿಂಗ್: ಎರಡು ತೂತು ಮಾಡಿ ಊದಿ ಒಳಗಿನದನ್ನು ಆಮ್ಲೆಟ್‌ಗೆ ಬಳಸಿದೆವು. ಒಣ ಕಾಫಿ ರೆಂಬೆಗೆ ನೇತುಹಾಕಿದರೆ ನೋಡಲು ಚೆಂದ, ಮುಟ್ಟಿದರೆ ಪುಡಿ.

ಈಸ್ಟರ್ ಪ್ರತಿ ವರ್ಷ ಜಾಗ ಬದಲಿಸುತ್ತದೆ. 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20. ಮಾರ್ಚ್‌ನಲ್ಲಿ ಬಂದರೆ ಪರೀಕ್ಷೆಯ ತಲೆಬಿಸಿ, ಆಗ ಸುಳಿವು ಬರೆಯುತ್ತಾ ಕೂರಲು ನನಗೆ ಆಗುವುದಿಲ್ಲ. ನಾವು ತಂದಾಗ ಒಂದು ಡಜನ್ ಮೊಟ್ಟೆ ನೂರು ರೂಪಾಯಿಯೊಳಗೆ ಸಿಕ್ಕಿತ್ತು, ಸಿಪ್ಪೆ ಮನೆಯಲ್ಲೇ ಇದೆ, ಕೆಲಸ ಒಂದು ಸಂಜೆಯದು. ನಮ್ಮಂಥ ಮನೆಗೆ ಇದೇ ಸರಿ. ನಿಮ್ಮ ಮಕ್ಕಳು ಐದಾರು ವರ್ಷದವರಾದರೆ ಕುದಿಯುವ ನೀರಿನ ಹತ್ತಿರ ಬಿಡಬೇಡಿ, ಅವರಿಗೆ ಸುಳಿವಿನ ಆಟವೇ ಒಳ್ಳೆಯದು.

ಒಲೆಯ ಪಕ್ಕ ಪೇಪರ್ ಕವರೊಂದು ಈಗಲೇ ನೇತಾಡುತ್ತಿದೆ. ಈರುಳ್ಳಿ ಹೆಚ್ಚಿದಾಗೆಲ್ಲ ಸಿಪ್ಪೆಯನ್ನು ಮಗಳೇ ಅದಕ್ಕೆ ಹಾಕುತ್ತಾಳೆ.