ಮನೆಯಲ್ಲೇ ಕಟ್ಟಿದ ಟ್ರೇಲ್ ಕ್ಯಾಮೆರಾ: ಮೂರು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಯಾವ ಪ್ರಾಣಿ ಬಂದು ಹೋಯಿತು ಅಂತ ಗೊತ್ತಾದರೆ ಸಾಕು ಅನ್ನುವವರು ಸಿದ್ಧವಾಗಿ ಸಿಗುವ ಟ್ರೇಲ್ ಕ್ಯಾಮೆರಾ, ಅಂದರೆ ಪ್ರಾಣಿ ಎದುರಿಗೆ ಬಂದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ, ತಗೊಳ್ಳಿ. ಬೆಸುಗೆ ಕಡ್ಡಿ ಹಿಡಿದು ಕೂರಬೇಡಿ. ಬಂದ ಪ್ರಾಣಿಯ ಫೋಟೋ ಗೋಡೆಗೆ ಹಾಕುವ ಹಾಗಿರಬೇಕು ಅನ್ನುವವರು ಮುಂದೆ ಓದಿ. ನಾನು ಇದನ್ನು ಕಟ್ಟಿ ಮೂರು ವರ್ಷವಾಯಿತು. ಮೂರು ಮಳೆಗಾಲವನ್ನೂ ಅದು ಹೊರಗೇ ಕಳೆದಿದೆ. ಐದಕ್ಕೆ ಎಷ್ಟು ಅಂಕ ಅಂತ ಕೇಳಿದರೆ ಫೋಟೋಗೆ ಐದು, ನೆಮ್ಮದಿಗೆ ಎರಡು.

ಒಳಗಿರುವುದು ಇಷ್ಟು. ಒಂದು ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಲೆನ್ಸ್, ಎರಡು ಹಳೆಯ ಫ್ಲ್ಯಾಶ್, ಎಚ್‌ಸಿ-ಎಸ್‌ಆರ್501 ಅನ್ನುವ ಪಿಐಆರ್ ಸೆನ್ಸರ್, ಆರ್ಡುಯಿನೋ ಪ್ರೋ ಮಿನಿ ಅನ್ನುವ, ಪ್ರೋಗ್ರಾಂ ಬರೆದು ಓಡಿಸುವ ಒಂದು ಪುಟ್ಟ ಬೋರ್ಡ್. ಇವೆಲ್ಲಕ್ಕೂ ನೀರು ನುಗ್ಗದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಪ್ರಾಣಿಯ ಮೈಯ ಬಿಸಿ ಸೆನ್ಸರಿಗೆ ತಿಳಿಯುತ್ತದೆ, ಅದು ಆರ್ಡುಯಿನೋವನ್ನು ಎಬ್ಬಿಸುತ್ತದೆ, ಆರ್ಡುಯಿನೋ ಕ್ಯಾಮೆರಾದ ಶಟರ್ ಒತ್ತುತ್ತದೆ. ಹೇಳಲು ಒಂದೇ ಸಾಲು. ಆ ಸಾಲು ಸರಿಯಾಗಲು ಒಂದೂವರೆ ವರ್ಷ ಹಿಡಿಯಿತು.

ಮೊದಲು ಕಟ್ಟಿದ್ದು ಜೇಬಿನಲ್ಲಿಡುವ ಸಣ್ಣ ಡಿಜಿಟಲ್ ಕ್ಯಾಮೆರಾದಿಂದ. ಅದನ್ನು ಬಿಚ್ಚಿ, ಆನ್ ಬಟನ್ನಿಗೂ ಶಟರ್ ಬಟನ್ನಿಗೂ ಕೂದಲಿನಷ್ಟು ಸಪೂರ ವೈರ್ ಬೆಸೆದೆ. ಸೆನ್ಸರ್ ಹೇಳಿದ ಮೇಲೆ ಕ್ಯಾಮೆರಾ ಆನ್ ಆಗಿ, ಲೆನ್ಸ್ ಹೊರಗೆ ಬಂದು, ಫೋಕಸ್ ಹುಡುಕಿ, ಕ್ಲಿಕ್ ಅನ್ನುವಷ್ಟರಲ್ಲಿ ಮೂರು ಸೆಕೆಂಡು ಹೋಗುತ್ತಿತ್ತು. ಮೂರು ತಿಂಗಳಲ್ಲಿ ನನ್ನ ಹತ್ತಿರ ಬಾಲಗಳ ದೊಡ್ಡ ಸಂಗ್ರಹವೇ ಆಯಿತು. ಮುಂಗುಸಿ ಬಾಲ, ಬೆಕ್ಕಿನ ಬಾಲ, ಯಾರದೋ ಬಾಲ. ಆಮೇಲೆ ಒಂದು ಪುಟ್ಟ ಸಿಂಗಲ್ ಬೋರ್ಡ್ ಕಂಪ್ಯೂಟರಿಗೆ ಅದರದೇ ಕ್ಯಾಮೆರಾ ಸಿಕ್ಕಿಸಿ ನೋಡಿದೆ. ಸುಮ್ನೆ ಕೂತರೂ ಅದು ನೂರು ಮಿಲಿಆಂಪಿಯರ್ ತಿನ್ನುತ್ತಿತ್ತು. ಆಫ್ ಮಾಡಿಟ್ಟರೆ ಏಳಲು ಅರ್ಧ ನಿಮಿಷ ಬೇಕು. ಮೊದಲಿನದು ಬಾಲವನ್ನಾದರೂ ಕೊಡುತ್ತಿತ್ತು, ಇದು ಬರೀ ಖಾಲಿ ಕಾಲುದಾರಿ ತೋರಿಸಿತು.

ಡಿಎಸ್‌ಎಲ್‌ಆರ್ ಗೆದ್ದಿದ್ದು ಇಲ್ಲೇ. ಸ್ವಿಚ್ ಆನ್ ಇಟ್ಟರೂ ಅದು ತಾನೇ ಮಲಗುತ್ತದೆ, ಶಟರ್ ಅರ್ಧ ಒತ್ತಿದರೆ ತಟ್ಟನೆ ಏಳುತ್ತದೆ. ಬಿಚ್ಚುವ ಕೆಲಸವೇ ಇಲ್ಲ. ಕ್ಯಾನನ್ನಿನ ಸಣ್ಣ ಡಿಎಸ್‌ಎಲ್‌ಆರ್‌ಗಳಲ್ಲಿ ರಿಮೋಟಿಗೆಂದು 2.5 ಮಿಲಿಮೀಟರಿನ ಜ್ಯಾಕ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಪಿನ್ನಿನ ತುದಿ ಶಟರಿಗೆ, ನಡುವಿನ ಉಂಗುರ ಫೋಕಸ್ಸಿಗೆ, ಬುಡ ಗ್ರೌಂಡಿಗೆ. ಮೊದಲು ಉಂಗುರವನ್ನು ಗ್ರೌಂಡಿಗೆ ತಾಗಿಸಿದರೆ ಕ್ಯಾಮೆರಾ ಏಳುತ್ತದೆ, ಆಮೇಲೆ ತುದಿಯನ್ನೂ ತಾಗಿಸಿದರೆ ಕ್ಲಿಕ್. ನಡುವೆ ಎರಡು ಆಪ್ಟೋಕಪ್ಲರ್ ಹಾಕಿದ್ದೇನೆ, ವೈರ್ ತಾಗಿಸದೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ ಅದು. ನನ್ನ ಬೆಸುಗೆ ತಪ್ಪಿದರೂ ಕ್ಯಾಮೆರಾ ಸುಡಬಾರದು ಅಲ್ವಾ?

ಫೋಕಸ್ ಯಾವತ್ತೂ ಮ್ಯಾನುಯಲ್. ಪ್ರಾಣಿ ಬರುವ ಜಾಗದಲ್ಲಿ ಒಂದು ಕಲ್ಲಿಟ್ಟು, ಅದಕ್ಕೆ ಫೋಕಸ್ ಮಾಡಿ, ಲೆನ್ಸಿನ ಉಂಗುರಕ್ಕೆ ಟೇಪ್ ಸುತ್ತಿ, ಕಲ್ಲನ್ನು ತೆಗೆಯುವುದು. ಮೊದಮೊದಲು ಕಲ್ಲು ತೆಗೆಯಲು ಮರೆತು ಎರಡು ವಾರ ಕಲ್ಲಿನದೇ ಹಿನ್ನೆಲೆಯಲ್ಲಿ ಮೊಲ ತೆಗೆದಿದ್ದೇನೆ.

ಈಗ ಸೆನ್ಸರ್. ಕಟ್ಟಲು ಹೊರಟವರು ಹೆಚ್ಚಾಗಿ ಕ್ಯಾಮೆರಾ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ನಾನೂ ಹಾಗೇ ಮಾಡಿದೆ. ನಿಜವಾದ ಗುದ್ದಾಟ ಇರುವುದು ಈ ಹೆಬ್ಬೆರಳಗಲದ ಬಿಳಿ ಗುಮ್ಮಟದ ಜೊತೆ. ಅದರೊಳಗೆ ಅಕ್ಕಪಕ್ಕ ಎರಡು ತುಣುಕು ಇರುತ್ತವೆ, ಒಂದಕ್ಕೊಂದು ಎದುರಾಗಿ ಜೋಡಿಸಿದವು. ಎರಡಕ್ಕೂ ಒಟ್ಟಿಗೆ ಬಿಸಿ ತಾಗಿದರೆ ಲೆಕ್ಕ ಸೊನ್ನೆ. ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ತಾಗಿದರೆ ಮಾತ್ರ ಅದು ಎಚ್ಚರಿಸುತ್ತದೆ. ಹಾಗಾಗಿ ಅಡ್ಡ ದಾಟುವ ಪ್ರಾಣಿ ಚೆನ್ನಾಗಿ ಸಿಗುತ್ತದೆ, ನೇರ ಎದುರಿಗೆ ನಡೆದು ಬರುವ ಪ್ರಾಣಿ ತೀರಾ ಹತ್ತಿರ ಬರುವ ತನಕ ಸಿಗುವುದಿಲ್ಲ. ಆದರೆ ಫೋಟೋಗೆ ಚೆಂದ ಎದುರಿಗೆ ಬರುವುದೇ! ಇದು ಗೊತ್ತಾದ ದಿನ ಸೆನ್ಸರನ್ನು ಡಬ್ಬಿಯಿಂದ ಹೊರಗೆ ತೆಗೆದು, ನಾಲ್ಕು ಮೀಟರ್ ವೈರ್ ಹಾಕಿ, ಕಾಲುದಾರಿಯ ಪಕ್ಕಕ್ಕೆ ಇಟ್ಟೆ. ಈಗ ಸೆನ್ಸರ್ ಅಡ್ಡದಿಂದ ನೋಡುತ್ತದೆ, ಕ್ಯಾಮೆರಾ ಎದುರಿನಿಂದ. ಮೂರು ವರ್ಷದಲ್ಲಿ ಮಾಡಿದ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲ. ಸಿದ್ಧ ಕ್ಯಾಮೆರಾದಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಇರುವುದರಿಂದ ಇದು ಆಗುವ ಮಾತಲ್ಲ.

ಅದಕ್ಕೂ ಮೊದಲು ಒಂದು ಜಾಣತನ ಮಾಡಿದ್ದೆ. ಮಳೆ ತಾಗದಿರಲಿ ಅಂತ ಸೆನ್ಸರಿನ ಮುಂದೆ ಗಾಜು ಅಂಟಿಸಿದೆ. ಒಂದು ವಾರ ಒಂದೂ ಫೋಟೋ ಇಲ್ಲ. ನಾನೇ ಅದರ ಮುಂದೆ ಕುಣಿದರೂ ಇಲ್ಲ. ಮೈಯ ಬಿಸಿ ಹೊರಡುವುದು ಹತ್ತು ಮೈಕ್ರೋಮೀಟರಿನ ಆಸುಪಾಸಿನ ಅಲೆಗಳಲ್ಲಿ. ನಮ್ಮ ಕಣ್ಣಿಗೆ ತಿಳಿಯಾದ ಗಾಜು ಆ ಅಲೆಗಳಿಗೆ ಕಲ್ಲುಗೋಡೆ ಇದ್ದ ಹಾಗೆ. ಸೆನ್ಸರಿನ ಬಿಳಿ ಗುಮ್ಮಟ ಪಾಲಿಥೀನ್ ಜಾತಿಯದ್ದು, ಅದಕ್ಕೇ ಬಿಸಿ ಒಳಗೆ ಹೋಗುತ್ತದೆ. ಮಳೆಗೆ ಈಗ ಪಿವಿಸಿ ಪೈಪಿನ ತುಂಡು ಸಿಕ್ಕಿಸಿದ್ದೇನೆ. ಅದರಿಂದ ಇನ್ನೊಂದು ಉಪಕಾರವೂ ಆಯಿತು. ನೂರು ಡಿಗ್ರಿಗಿಂತ ಅಗಲಕ್ಕೆ ನೋಡುತ್ತಿದ್ದ ಸೆನ್ಸರ್ ಈಗ ನನಗೆ ಬೇಕಾದ ಕಿರಿದಾದ ಪಟ್ಟಿಯನ್ನು ಮಾತ್ರ ನೋಡುತ್ತದೆ. ಪ್ರಾಣಿ ಫೋಕಸ್ ಇರುವ ಜಾಗಕ್ಕೆ ಬಂದಾಗಲೇ ಕ್ಲಿಕ್.

ಸುಳ್ಳು ಕ್ಲಿಕ್ಕುಗಳ ಕತೆ ಬೇರೆ. ಮೊದಲ ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನ 1,400 ಫೋಟೋ. ಅಷ್ಟೂ ಒಂದೇ ಎಲೆ. ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲ್ಲಾಡಿದರೆ ಸೆನ್ಸರಿಗೆ ಅದೂ ಒಂದು ಪ್ರಾಣಿಯೇ. ಕಾರ್ಡ್ ತುಂಬಿತು, ಬ್ಯಾಟರಿ ಸತ್ತಿತು, ಫ್ಲ್ಯಾಶ್ ಕೈ ಸುಡುತ್ತಿತ್ತು. ಅಮೆರಿಕದ ವನ್ಯಜೀವಿ ಛಾಯಾಗ್ರಾಹಕ ಜಾರ್ಜ್ ಶೀರಾಸ್ ಈ ಕೆಲಸವನ್ನು ಬರೀ ದಾರ ಕಟ್ಟಿ ಮಾಡಿದ್ದ. ಪ್ರಾಣಿ ದಾರ ಎಳೆದರೆ ಕ್ಯಾಮೆರಾ ಕ್ಲಿಕ್, ಫ್ಲ್ಯಾಶ್ ಪುಡಿ ಢಂ. 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅವನ 74 ಫೋಟೋಗಳನ್ನು ಒಟ್ಟಿಗೆ ಅಚ್ಚು ಹಾಕಿತು. ಆ 1,400 ಎಲೆಗಳನ್ನು ಅಳಿಸುತ್ತಾ ಕೂತಾಗ ಅವನ ಮೇಲೆ ಹೊಟ್ಟೆಕಿಚ್ಚಾಯಿತು. ದಾರ ಬಿಸಿಲಿಗೆ ಮೋಸ ಹೋಗುವುದಿಲ್ಲ.

ಮದ್ದು ಸೆನ್ಸರ್ ಬೋರ್ಡಿನಲ್ಲೇ ಇತ್ತು. ಅದರಲ್ಲಿ ಎಲ್‌ಡಿಆರ್ (ಬೆಳಕು ಗುರುತಿಸುವ ಬಿಡಿಭಾಗ) ಕೂರಿಸಲು ಎರಡು ತೂತು ಖಾಲಿ ಬಿಟ್ಟಿರುತ್ತಾರೆ. ಅಲ್ಲಿ ಎಲ್‌ಡಿಆರ್ ಬೆಸೆದರೆ ಬೆಳಕಿರುವ ತನಕ ಸೆನ್ಸರ್ ಬಾಯಿ ಬಿಡುವುದಿಲ್ಲ. ಹಗಲಿನ ಮುಂಗುಸಿ ಕೈತಪ್ಪಿತು, ನಿಜ. ಹೋಗಲಿ, ಬಾಲ ಬೇಕಾದಷ್ಟಿದೆ. ಅಲ್ಲದೆ ಬೇಸಿಗೆಯ ಹಗಲಲ್ಲಿ ಸುತ್ತಲಿನ ನೆಲವೂ ಪ್ರಾಣಿಯ ಮೈಯಷ್ಟೇ ಕಾದಿರುವಾಗ ಸೆನ್ಸರಿಗೆ ವ್ಯತ್ಯಾಸ ಕಾಣುವುದೇ ಕಷ್ಟ. ಹಾವು, ಓತಿಕ್ಯಾತಗಳ ಆಸೆಯಂತೂ ಬಿಟ್ಟುಬಿಡಿ. ಅವುಗಳ ಮೈ ಸುತ್ತಲಿನಷ್ಟೇ ಬಿಸಿ.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. ಸೆನ್ಸರ್ ಮತ್ತು ಆರ್ಡುಯಿನೋಗೆ ನಾಲ್ಕು ಎಎ ರೀಚಾರ್ಜ್ ಸೆಲ್. ಮೊದಲು ಎರಡೇ ವಾರ ಬರುತ್ತಿತ್ತು, ಅಂದರೆ ಹತ್ತಿರ ಹತ್ತಿರ ಐದು ಮಿಲಿಆಂಪಿಯರ್ ಸೋರುತ್ತಿತ್ತು. ಬೋರ್ಡಿನ ಪವರ್ ಎಲ್‌ಇಡಿ ಕಿತ್ತೆ, ರೆಗ್ಯುಲೇಟರ್ ಕಿತ್ತೆ, ಸೆನ್ಸರ್ ಕರೆದಾಗ ಮಾತ್ರ ಏಳುವ ಹಾಗೆ ಪ್ರೋಗ್ರಾಂ ಬರೆದೆ. ಈಗ ಒಂದು ಮಿಲಿಆಂಪಿಯರಿನ ಹತ್ತನೇ ಒಂದು ಭಾಗವೂ ಇಲ್ಲ. ಆ ಸೆಲ್‌ಗಳನ್ನು ಸುಮಾರು ಆರು ತಿಂಗಳಿಗೊಮ್ಮೆ ಬದಲಿಸುತ್ತೇನೆ, ಅದೂ ಮನಸ್ಸಿನ ಸಮಾಧಾನಕ್ಕೆ. ಮೊದಲು ಖಾಲಿಯಾಗುವುದು ಕ್ಯಾಮೆರಾ ಬ್ಯಾಟರಿ, ಮೂರು ನಾಲ್ಕು ವಾರಕ್ಕೆ.

ಫ್ಲ್ಯಾಶ್ ಬಗ್ಗೆ ಎರಡು ಮಾತು. ಸಿದ್ಧ ಟ್ರೇಲ್ ಕ್ಯಾಮೆರಾಗಳು ರಾತ್ರಿ ಇನ್‌ಫ್ರಾರೆಡ್ ಎಲ್‌ಇಡಿ ಬಳಸುತ್ತವೆ. 850 ನ್ಯಾನೋಮೀಟರಿನದ್ದು ಮಂದ ಕೆಂಪಾಗಿ ಕಾಣುತ್ತದೆ, 940ರದ್ದು ಕಾಣುವುದಿಲ್ಲ ಆದರೆ ಅಷ್ಟು ದೂರ ಬೆಳಗುವುದಿಲ್ಲ. ಎರಡರಲ್ಲೂ ಚಿತ್ರ ಕಪ್ಪು ಬಿಳುಪು. ಬಣ್ಣ ಬೇಕೆಂದರೆ ಬಿಳಿ ಫ್ಲ್ಯಾಶೇ ಗತಿ. ನಾನು ಬಳಸುವುದು ನಿಕಾನ್ ಎಸ್‌ಬಿ-28, ಫಿಲ್ಮ್ ಕಾಲದ್ದು. ಮಲಗಿದಾಗ ಬ್ಯಾಟರಿ ಹೀರುವುದು ತೀರಾ ಕಡಿಮೆ, ಎಬ್ಬಿಸಿದರೆ ಕೂಡಲೇ ತಯಾರು. ಈ ಹುಚ್ಚು ಇರುವವರು ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಶಕ್ತಿ 1/16ಕ್ಕೆ ಇಳಿಸಿದ್ದೇನೆ. ಅಷ್ಟು ಚುಟುಕು ಮಿಂಚಿನಲ್ಲಿ ಓಡುವ ಮೊಲದ ಮೀಸೆಯೂ ಅಲುಗದೆ ಸಿಗುತ್ತದೆ. ಒಂದು ಎಚ್ಚರಿಕೆ. ಯಾವುದೋ ಹಳೆಯ ಫ್ಲ್ಯಾಶ್ ಸಿಕ್ಕಿತೆಂದು ನೇರ ಕ್ಯಾಮೆರಾಗೆ ಸಿಕ್ಕಿಸಬೇಡಿ. ಕೆಲವು ಹಳೆಯವುಗಳ ಟ್ರಿಗರ್ ವೋಲ್ಟೇಜ್ ಡಿಜಿಟಲ್ ಕ್ಯಾಮೆರಾವನ್ನು ಕೆಡಿಸುವಷ್ಟು ಇರುತ್ತದೆ. ಬಿಚ್ಚಲಂತೂ ಹೋಗಬೇಡಿ. ಬ್ಯಾಟರಿ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಕೂತಿರಬಹುದು.

ಡಬ್ಬಿ. ನನ್ನ ಅರ್ಧ ಕಣ್ಣೀರು ಇಲ್ಲೇ ಹೋಗಿದೆ. ಲೆನ್ಸಿನ ಮುಂದೆ ದುಂಡಗೆ ತೂತು ಕೊರೆದು, ಲೆನ್ಸಿಗಿಂತ ಸ್ವಲ್ಪ ದೊಡ್ಡ ಯುವಿ ಫಿಲ್ಟರನ್ನೇ ಕಿಟಕಿಯಾಗಿ ಅಂಟಿಸಿದೆ. ಅಂಟಿಸಿದ್ದು ಕೈಗೆ ಸಿಕ್ಕ ಸಿಲಿಕೋನ್ ಸೀಲಂಟಿನಿಂದ. ವಿನೆಗರ್ ಹಾಗೆ ಹುಳಿ ವಾಸನೆ ಬರುತ್ತಿತ್ತು, ಒಣಗಿದರೆ ಹೋಗುತ್ತದೆ ಅಂದುಕೊಂಡು ಅದೇ ದಿನ ಎಲ್ಲ ಒಳಗಿಟ್ಟು ಮುಚ್ಚಿದೆ. ತಿಂಗಳ ಮೇಲೆ ತೆರೆದರೆ ಬೋರ್ಡಿನ ತಾಮ್ರವೆಲ್ಲ ಹಸಿರು. ಆ ಜಾತಿಯ ಸೀಲಂಟ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಅದು ತಾಮ್ರ ತಿನ್ನದೆ ಇನ್ನೇನು ಮಾಡೀತು. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನೇ ತನ್ನಿ. ನಾನು ಒಂದು ಆರ್ಡುಯಿನೋ, ಒಂದು ಸೆನ್ಸರ್ ಕಳೆದುಕೊಂಡು ಕಲಿತದ್ದು ಇದು.

ಮಳೆ ಒಳಗೆ ಬರಲಿಲ್ಲ. ಒಳಗಿನ ತೇವ ಹೊರಗೆ ಹೋಗಲಿಲ್ಲ. ಕಾರ್ಡ್ ಬದಲಿಸಲು ಮಧ್ಯಾಹ್ನ ಅಲ್ಲೇ ಡಬ್ಬಿ ತೆರೆದರೆ ಹಸಿ ಗಾಳಿ ಒಳಗೆ ಸೇರುತ್ತದೆ, ರಾತ್ರಿ ತಣ್ಣಗಾದಾಗ ಅದೇ ಗಾಜಿನ ಮೇಲೆ ಇಬ್ಬನಿ. ಎರಡನೇ ಮಳೆಗಾಲದ ಅರ್ಧ ಫೋಟೋಗಳು ಮಂಜಿನೊಳಗಿನ ದೆವ್ವಗಳ ಹಾಗಿವೆ. ಈಗ ಡಬ್ಬಿಯನ್ನು ಮನೆಗೆ ತಂದು, ಒಣ ಕೋಣೆಯಲ್ಲಿ ತೆರೆದು, ಬಿಸಿ ಮಾಡಿ ಒಣಗಿಸಿದ ಸಿಲಿಕಾ ಜೆಲ್ ಚೀಲ ಇಟ್ಟು ಮುಚ್ಚುತ್ತೇನೆ. ಬೇಜಾರಿನ ಕೆಲಸ, ಬೇರೆ ದಾರಿ ಇಲ್ಲ.

ಇನ್ನು ಇರುವೆ. ವೈರ್ ಹೋಗುವ ತೂತಿನ ಪಕ್ಕದ ಸಣ್ಣ ಸಂದು ಸಾಕು, ಬ್ಯಾಟರಿಯ ಬೆಚ್ಚಗಿನ ಮೂಲೆಯಲ್ಲಿ ಮೊಟ್ಟೆ ಸಮೇತ ಸಂಸಾರ ಹೂಡಿದ್ದವು. ಯಾವುದೋ ಪ್ರಾಣಿ ಸೆನ್ಸರಿನ ವೈರನ್ನು ಎರಡು ಸಲ ಕಡಿದು ಹಾಕಿತು. ಕಡಿದವರ ಫೋಟೋ ಇಲ್ಲ, ಸಹಜವಾಗಿಯೇ. ಈಗ ವೈರ್ ಪೈಪಿನೊಳಗೆ ಹೋಗುತ್ತದೆ.

ಪ್ರಾಣಿಗಳಿಗೆ ಇದರಿಂದ ತೊಂದರೆಯೇ ಇಲ್ಲವೇ ಅಂತ ಕೇಳಿದರೆ, ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಪುನುಗು ಬೆಕ್ಕು ಮೊದಲ ಫೋಟೋದಲ್ಲಿ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಎರಡನೆಯದರಲ್ಲಿ ನೇರ ಲೆನ್ಸಿಗೇ ನೋಡುತ್ತಿರುತ್ತದೆ. ಮಿಂಚಿಗಿಂತ ಶಟರಿನ ಸದ್ದಿಗೆ ಅಂತ ನನ್ನ ಅನುಮಾನ. ಕ್ಯಾಮೆರಾ ಸುತ್ತ ಸ್ಪಂಜು ತುಂಬಿದ ಮೇಲೆ ಹಾಗೆ ನೋಡುವುದು ಕಮ್ಮಿಯಾಯಿತು. ಕಾಡುಹಂದಿ ಒಮ್ಮೆ ಬಂದದ್ದು ಮತ್ತೆ ಆ ದಾರಿಗೆ ಬರಲೇ ಇಲ್ಲ. ಮುಳ್ಳುಹಂದಿ ಮಾತ್ರ ವಾರಕ್ಕೆ ಮೂರು ದಿನ ಬರುತ್ತದೆ. ಗೂಡು, ಬಿಲದ ಹತ್ತಿರ ನಾನು ಇದನ್ನು ಇಡುವುದಿಲ್ಲ. ಜಾಗ ಯಾರದೋ ಅವರನ್ನು ಕೇಳಿಯೇ ಇಡುತ್ತೇನೆ. ದಾರಿಹೋಕರ ಮುಖ ಬಂದರೆ ಅಲ್ಲೇ ಅಳಿಸುತ್ತೇನೆ.

ಮುಳ್ಳುಹಂದಿಯ ಮಾತು ಬಂತಲ್ಲ, ಇನ್ನೂ ಸರಿಯಾಗದ ಒಂದು ಕೊರತೆ ಅದರ ಜೊತೆಗೇ ಇದೆ. ಈ ಸೆನ್ಸರ್ ಒಮ್ಮೆ ಎಚ್ಚರಿಸಿ ಸುಮ್ಮನಾದ ಮೇಲೆ ಮತ್ತೆ ಸುಮಾರು ಮೂರು ಸೆಕೆಂಡು ಕುರುಡು. ತಾಯಿ ದಾಟುತ್ತದೆ, ಕ್ಲಿಕ್. ಹಿಂದೆಯೇ ಬರುವ ಮರಿ ಆ ಕುರುಡು ಹೊತ್ತಿನಲ್ಲಿ ದಾಟಿಬಿಡುತ್ತದೆ. ಮರಿ ಇದೆ ಅಂತ ನನಗೆ ಗೊತ್ತಾದದ್ದೇ ಕೆಸರಿನಲ್ಲಿದ್ದ ಹೆಜ್ಜೆಯಿಂದ. ಒಂದು ಎಚ್ಚರಿಕೆಗೆ ಮೂರು ಫೋಟೋ ತೆಗೆಯುವ ಹಾಗೆ ಪ್ರೋಗ್ರಾಂ ತಿದ್ದಿದೆ. ಕಳೆದ ವಾರದ ಕಾರ್ಡಿನಲ್ಲಿ, ಮೂರನೇ ಫೋಟೋದ ಎಡ ಅಂಚಿನಲ್ಲಿ, ಒಂದು ಪುಟ್ಟ ಒದ್ದೆ ಮೂಗು ಬಂದಿದೆ. ಅಷ್ಟೇ, ಮೂಗು ಮಾತ್ರ. ಈ ಸಲ ಬ್ಯಾಟರಿ ಬದಲಿಸಲು ಹೋದಾಗ ಲೆನ್ಸನ್ನು 35ರಿಂದ 18ಕ್ಕೆ ತಿರುಗಿಸಿ ನೋಟ ಅಗಲ ಮಾಡಿ, ಕಲ್ಲಿಟ್ಟು ಮತ್ತೆ ಫೋಕಸ್ ಮಾಡಿ, ಟೇಪ್ ಸುತ್ತಿ ಬರಬೇಕು. ಕಲ್ಲು ತೆಗೆಯಲು ಮರೆಯದೆ.