ಶೆರಿನ್ ಚೆಂಡು: ಲೀಗ್ ಆಡಿದ ಕೈಕಾಲಿಗೆ ಒಗ್ಗುತ್ತಾ?

ಶೆರಿನ್ ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡುವ ಮೊಟ್ಟೆಯಾಕಾರದ ಚೆಂಡು. ಮೊದಲೇ ಹೇಳಿಬಿಡುತ್ತೇನೆ. ಚೆಂಡು ಚೆನ್ನಾಗಿದೆ. ದುಬಾರಿ, ಆದರೆ ಚೆನ್ನಾಗಿದೆ. ರಗ್ಬಿ ಲೀಗ್ ಆಡಿ ಅಭ್ಯಾಸವಾದವರಿಗೆ ಮಾತ್ರ ಇದು ಸುಲಭಕ್ಕೆ ಒಲಿಯುವ ಸಾಮಾನಲ್ಲ. ಅದನ್ನು ತಿಳಿದುಕೊಂಡೇ ದುಡ್ಡು ಕೊಡಿ.

ನಾನಿರುವುದು ಸಿಡ್ನಿಯ ಪಶ್ಚಿಮ ಭಾಗದಲ್ಲಿ. ಇಲ್ಲಿ ಚಳಿಗಾಲ ಬಂತೆಂದರೆ ಲೀಗ್ ಬಿಟ್ಟು ಬೇರೆ ಮಾತಿಲ್ಲ. ಆಫೀಸಿನವರ ಜೊತೆ ಟಚ್ ಫುಟ್ಟಿ (ಕೆಡವದೆ, ಬರೀ ಮುಟ್ಟಿ ಆಡುವ ಲೀಗ್) ಆಡಿ ಆಡಿ ಆ ಚೆಂಡು ನನಗೂ ಒಗ್ಗಿದೆ. ಶೆರಿನ್ ಕೊಳ್ಳುವುದಕ್ಕೆ ಕಾರಣ ಒಂದು ವಾದ. ಕಾರ್ಮೈಕಲ್ ಹಂಟ್ ಮತ್ತು ಇಸ್ರೇಲ್ ಫೊಲಾವ್ ಲೀಗ್ ಬಿಟ್ಟು ಆಸ್ಟ್ರೇಲಿಯನ್ ರೂಲ್ಸ್‌ಗೆ ಹೋದರಲ್ಲ, ಅದು ಶುದ್ಧ ದಂಡ ಅಂತ ನಮ್ಮ ಗುಂಪಿನಲ್ಲಿ ಆಡಿಕೊಳ್ಳುತ್ತಿದ್ದರು. "ಅಷ್ಟು ದೊಡ್ಡ ಆಟಗಾರರಿಗೆ ಒಂದು ಚೆಂಡು ಒದೆಯೋಕೆ ಬರಲಿಲ್ವಾ?" ಅನ್ನುವುದು ಅವರ ಪ್ರಶ್ನೆ. ಸರಿ, ಸುಮ್ನೆ ಬಾಯಿಮಾತು ಯಾಕೆ, ಒದ್ದೇ ನೋಡೋಣ ಅಂತ ಕೊಂಡೆ.

ಕೊಂಡಿದ್ದು ತೊಗಲಿನ ಮ್ಯಾಚ್ ಚೆಂಡು, ಕೆಂಪು ಬಣ್ಣದ್ದು. ಎಎಫ್‌ಎಲ್‌ನಲ್ಲಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್‌ನ ದೊಡ್ಡ ಟೂರ್ನಿಯಲ್ಲಿ, ಹಗಲಿನ ಪಂದ್ಯಕ್ಕೆ ಕೆಂಪು, ದೀಪದ ಬೆಳಕಿನ ಪಂದ್ಯಕ್ಕೆ ಹಳದಿ. ಬೆಲೆ 200 ಡಾಲರ್ ಆಸುಪಾಸು. ಟಾಮ್ ಶೆರಿನ್ ಅನ್ನುವವರು ಮೆಲ್ಬರ್ನ್‌ನ ಕಾಲಿಂಗ್‌ವುಡ್‌ನಲ್ಲಿ 1880ರ ಸುಮಾರಿಗೆ ಈ ಆಕಾರದ ಚೆಂಡು ಮಾಡಲು ಶುರು ಮಾಡಿದ್ದು, ಇವತ್ತಿಗೂ ದೊಡ್ಡ ಪಂದ್ಯಗಳಲ್ಲಿ ಅದೇ ಹೆಸರು. ನಾಲ್ಕು ತೊಗಲಿನ ತುಂಡು ಸೇರಿಸಿ ಹೊಲಿದಿರುತ್ತಾರೆ, ಒಂದು ಹೊಲಿಗೆಯ ಮೇಲೆ ಲೇಸ್ ಇರುತ್ತದೆ. ಅಳತೆ ಬೇಕಾದವರಿಗೆ: ಉದ್ದಕ್ಕೆ ಸುತ್ತಳತೆ 720ರಿಂದ 730 ಮಿಲಿಮೀಟರ್, ಅಡ್ಡಕ್ಕೆ 545ರಿಂದ 555. ಹೊಸ ಚೆಂಡು ಮುಟ್ಟಿದರೆ ಗಟ್ಟಿ, ನುಣುಪು, ಒಳ್ಳೆ ತೊಗಲಿನ ವಾಸನೆ. ಒಂದಷ್ಟು ದಿನ ಆಡಿದ ಮೇಲೆ ಮೇಲ್ಮೈ ಸ್ವಲ್ಪ ಪಳಗುತ್ತದೆ, ಕೈಗೆ ಅಂಟಿಕೊಳ್ಳುತ್ತದೆ. ಹೊಲಿಗೆ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ.

ಲೀಗ್ ಚೆಂಡಿನ ಮೈಮೇಲೆ ಸಣ್ಣ ಸಣ್ಣ ಗುಳ್ಳೆಗಳಂಥ ಹಿಡಿತ ಇರುತ್ತದೆ. ಲೇಸ್ ಇರುವುದಿಲ್ಲ. ಅದನ್ನು ಮಾಡಿರುವುದೇ ಎದೆಗವಚಿಕೊಂಡು ಓಡಲು, ಎರಡು ಕೈಯಲ್ಲಿ ಪಕ್ಕಕ್ಕೋ ಹಿಂದಕ್ಕೋ ಎಸೆಯಲು. ಶೆರಿನ್ ಹಾಗಲ್ಲ. ಇದನ್ನು ಒದೆಯಬೇಕು. ಓಡುತ್ತಾ ಒದೆಯಬೇಕು, ತಿರುಗುತ್ತಾ ಒದೆಯಬೇಕು, ಮೈಮೇಲೆ ಯಾರಾದರೂ ಬೀಳುತ್ತಿರುವಾಗಲೂ ಒದೆಯಬೇಕು, ಅದೂ ನಲವತ್ತು ಮೀಟರ್ ಆಚೆ ಓಡುತ್ತಿರುವ ನಮ್ಮವನ ಎದೆಗೆ ಸರಿಯಾಗಿ ಹೋಗಿ ಬೀಳುವ ಹಾಗೆ.

ಆ ಒದೆತದ ಹೆಸರು ಡ್ರಾಪ್ ಪಂಟ್. ಚೆಂಡನ್ನು ಎರಡು ಕೈಯಲ್ಲಿ ನೆಟ್ಟಗೆ ಹಿಡಿದು, ಲೇಸ್ ಮುಂದಕ್ಕೆ ಇಟ್ಟು, ಒಂದು ಕೈಯಲ್ಲಿ ಕೆಳಗೆ ಕರೆದೊಯ್ದು ಪಾದದ ಮೇಲೆ ಬಿಡಬೇಕು. ಎಸೆಯಬಾರದು, ಬಿಡಬೇಕು. ಕೆಳಗಿನ ಮೊನೆಗೆ ಪಾದ ಸರಿಯಾಗಿ ತಾಗಿದರೆ ಚೆಂಡು ಹಿಂದಕ್ಕೆ ಪಲ್ಟಿ ಹೊಡೆಯುತ್ತಾ ನೇರವಾಗಿ ಹೋಗುತ್ತದೆ, ಹಿಡಿಯುವವನಿಗೂ ಸುಲಭ. ಬಿಡುವಾಗ ಮೊನೆ ಒಂಚೂರು ವಾಲಿತು ಅಂತಿಟ್ಟುಕೊಳ್ಳಿ, ಪಕ್ಕದ ರಸ್ತೆಗೆ ಹೋಗುತ್ತದೆ. ನಾನು ಒದ್ದಿದ್ದರಲ್ಲಿ ಮುಕ್ಕಾಲು ಪಾಲು ಹಾಗೇ ಹೋಯಿತು. ಕಾಲಿನ ತಪ್ಪಲ್ಲ ಅದು, ಕೈ ಬಿಡುವ ರೀತಿಯ ತಪ್ಪು ಅಂತ ಅರ್ಥವಾಗಲಿಕ್ಕೇ ಸಾಕಷ್ಟು ಸಮಯ ಬೇಕಾಯಿತು.

ಈಗ ಯೋಚನೆ ಮಾಡಿ. ಲೀಗ್‌ನಲ್ಲಿ ಒಂದು ಕಡೆ 13 ಜನ. ಆರು ಟ್ಯಾಕಲ್ (ಚೆಂಡು ಹಿಡಿದವನನ್ನು ಎದುರಾಳಿ ಹಿಡಿದು ಕೆಡವುವುದು) ಮುಗಿಯುವ ಮುಂಚೆ ಚೆಂಡು ಒದೆಯುವ ಕೆಲಸ ಹೆಚ್ಚಾಗಿ ಇಬ್ಬರು ಮೂವರದು, ಹಾಫ್‌ಬ್ಯಾಕ್ ಮತ್ತು ಅವನ ಅಕ್ಕಪಕ್ಕದವರು. ಹಂಟ್ ಬ್ರಿಸ್ಬೇನ್ ಬ್ರಾಂಕೋಸ್‌ನ ಫುಲ್‌ಬ್ಯಾಕ್. ಫೊಲಾವ್ ವಿಂಗ್‌ನಲ್ಲೋ ಸೆಂಟರ್‌ನಲ್ಲೋ ಆಡಿದವನು. ಎದುರಾಳಿ ಒದ್ದಿದ್ದನ್ನು ಹಿಡಿಯುವುದು, ಹಿಡಿದು ನುಗ್ಗುವುದು ಇವರ ಕಸುಬು. ಆಸ್ಟ್ರೇಲಿಯನ್ ರೂಲ್ಸ್‌ನಲ್ಲಿ ಮೈದಾನದಲ್ಲಿರುವ 18 ಜನಕ್ಕೂ ಒದೆಯಲು ಬರಲೇಬೇಕು. ಅಲ್ಲಿ ಚಿಕ್ಕವಯಸ್ಸಿಂದ ಪಾರ್ಕಿನಲ್ಲಿ ಒದ್ದು ಒದ್ದು ಬಂದಿದ್ದನ್ನು ಇವರು ಇಪ್ಪತ್ತು ದಾಟಿದ ಮೇಲೆ, ಟಿವಿ ಕ್ಯಾಮೆರಾ ಮುಂದೆ ಕಲಿಯಬೇಕಿತ್ತು.

ಒದೆಯುವುದು ಒಂದು ಕಡೆ ಇರಲಿ, ಓಡುವುದೂ ಕಷ್ಟ. ಚೆಂಡು ಹಿಡಿದು ಓಡುವಾಗ ಪ್ರತಿ 15 ಮೀಟರ್‌ಗೆ ಒಮ್ಮೆ ನೆಲಕ್ಕೆ ಪುಟಿಸಬೇಕು ಅಥವಾ ಮುಟ್ಟಿಸಬೇಕು. ಈ ಮೊಟ್ಟೆಯಂಥ ಚೆಂಡು ಮುಂಭಾಗದ ಮೊನೆ ಕೆಳಗೆ ಮಾಡಿ ಸರಿಯಾದ ಕೋನದಲ್ಲಿ ಬಿದ್ದರೆ ಮಾತ್ರ ಕೈಗೆ ವಾಪಸ್ ಬರುತ್ತದೆ. ಇಲ್ಲದಿದ್ದರೆ ನಿಮ್ಮ ಮೊಣಕಾಲಿಗೆ ಹೊಡೆದು ಎಲ್ಲೋ ಓಡುತ್ತದೆ. ಪಾಸ್ ಮಾಡೋಣ ಅಂದರೆ ಎಸೆಯುವ ಹಾಗಿಲ್ಲ. ಒಂದು ಅಂಗೈಯಲ್ಲಿ ಚೆಂಡು ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಲ್ಲಿ ಗುದ್ದಬೇಕು. ಅದಕ್ಕೆ ಹ್ಯಾಂಡ್‌ಬಾಲ್ ಅನ್ನುತ್ತಾರೆ. ನಮ್ಮ ಗುಂಪಿನವರು ಗಡಿಬಿಡಿಯಲ್ಲಿ ಪ್ರತಿ ಸಲವೂ ಎಸೆದರು. ಪಂದ್ಯದಲ್ಲಾಗಿದ್ದರೆ ಅಷ್ಟೂ ಸಲ ಎದುರಾಳಿಗೆ ಫ್ರೀ ಕಿಕ್. ಇದರಲ್ಲಿ ಒಂದೇ ಸಮಾಧಾನ, ಹ್ಯಾಂಡ್‌ಬಾಲ್ ಬೇಗ ಹಿಡಿತಕ್ಕೆ ಬರುತ್ತದೆ. ಗೋಡೆಗೆ ಗುದ್ದಿ ಅಭ್ಯಾಸ ಮಾಡಬಹುದು, ಆದರೆ ಒರಟು ಸಿಮೆಂಟ್ ಗೋಡೆಗೆ ಬೇಡ, ತೊಗಲು ಕೆರೆಯುತ್ತದೆ.

ಹಂಟ್ ವಿಷಯಕ್ಕೆ ಬರೋಣ. 2006ರಲ್ಲಿ ಬ್ರಾಂಕೋಸ್ ಪ್ರೀಮಿಯರ್‌ಶಿಪ್, ಅಂದರೆ ಆ ವರ್ಷದ ಚಾಂಪಿಯನ್ ಪಟ್ಟ, ಗೆದ್ದಾಗ ಇವನು ತಂಡದಲ್ಲಿದ್ದ. ಕ್ವೀನ್ಸ್‌ಲ್ಯಾಂಡ್‌ಗೆ ಆಡಿದ್ದ, ಆಸ್ಟ್ರೇಲಿಯಾಕ್ಕೆ ಆಡಿದ್ದ. 2009ರ ಜುಲೈನಲ್ಲಿ, ಇನ್ನೂ ಹುಟ್ಟದೇ ಇದ್ದ ಗೋಲ್ಡ್ ಕೋಸ್ಟ್ ಎಎಫ್‌ಎಲ್ ತಂಡಕ್ಕೆ ಹೋಗುತ್ತೇನೆ ಅಂತ ಘೋಷಿಸಿದ. ನಡುವೆ ಫ್ರಾನ್ಸ್‌ಗೆ ಹೋಗಿ ಬಿಯಾರಿಟ್ಸ್ ಪರ ರಗ್ಬಿ ಯೂನಿಯನ್ (ಲೀಗ್‌ಗಿಂತ ಬೇರೆಯಾದ ಇನ್ನೊಂದು ರಗ್ಬಿ) ಆಡಿಬಂದ, ಆ ತಂಡ 2010ರ ಹೈನಿಕೆನ್ ಕಪ್ ಅನ್ನುವ ಯುರೋಪಿನ ಕ್ಲಬ್ ಟೂರ್ನಿಯ ಫೈನಲ್‌ವರೆಗೆ ಹೋಯಿತು. 2011ರಲ್ಲಿ ಗೋಲ್ಡ್ ಕೋಸ್ಟ್ ಸನ್ಸ್‌ನ ಮೊಟ್ಟಮೊದಲ ಪಂದ್ಯ, ಗಾಬಾ ಮೈದಾನದಲ್ಲಿ, ಕಾರ್ಲ್ಟನ್ ವಿರುದ್ಧ. 119 ಪಾಯಿಂಟ್‌ನಿಂದ ಸೋತರು. ಆ ದಿನ ಹಂಟ್‌ನನ್ನು ನೋಡಿ ನಕ್ಕವರು ಕಡಿಮೆಯಲ್ಲ.

ಆದರೆ ಅವನು ಓಡಿಹೋಗಲಿಲ್ಲ ನೋಡಿ. ಅಷ್ಟೊತ್ತು ಓಡಲು ಬೇಕಾದ ದಮ್ಮು ಬೇರೆ, ಲೀಗ್‌ನಲ್ಲಿ ಗುದ್ದಾಡಲು ಬೇಕಾದ ಮೈಕಟ್ಟು ಬೇರೆ. ಎಎಫ್‌ಎಲ್ ಮೈದಾನ 135ರಿಂದ 185 ಮೀಟರ್ ಉದ್ದದ ಓವಲ್, ಲೀಗ್ ಮೈದಾನ ಗೋಲ್ ಗೆರೆಯಿಂದ ಗೆರೆಗೆ 100 ಮೀಟರ್. ಮೈ ಬದಲಾಯಿಸಿಕೊಂಡ, ಹಿಂದಿನ ಸಾಲಿನಲ್ಲಿ ಆಡಿದ, ಮಧ್ಯದಲ್ಲೂ ಆಡಿದ. ಟ್ಯಾಕಲ್ ಮಾಡುವುದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. 2012ರ ಜುಲೈನಲ್ಲಿ ಕೇರ್ನ್ಸ್‌ನಲ್ಲಿ ರಿಚ್ಮಂಡ್ ವಿರುದ್ಧದ ಪಂದ್ಯ ಸಿಕ್ಕರೆ ಖಂಡಿತ ನೋಡಿ. ಸನ್ಸ್ ಆ ವರ್ಷ ಅಲ್ಲಿಯವರೆಗೆ ಒಂದೂ ಗೆದ್ದಿರಲಿಲ್ಲ. ನಾಲ್ಕು ಪಾಯಿಂಟ್ ಹಿಂದಿದ್ದಾರೆ, ಚೆಂಡು ಹಂಟ್ ಕೈಯಲ್ಲಿ, ಆಟ ಮುಗಿಯುವ ಸೈರನ್ ಆಗಿಹೋಗಿದೆ. ಒದ್ದ, ಗೋಲ್, ಆರು ಪಾಯಿಂಟ್, ಎರಡು ಪಾಯಿಂಟ್‌ನಿಂದ ಗೆಲುವು. ಮೊದಲು ಆ ತುಣುಕನ್ನು ನಾನು ಸುಮ್ನೆ ಖುಷಿಗೆ ನೋಡಿದ್ದೆ. ಶೆರಿನ್ ಒದ್ದ ಮೇಲೆ ನೋಡಿದಾಗ ಅವನ ಕಾಲು ನೋಡಲಿಲ್ಲ, ಚೆಂಡು ಬಿಡುವ ಕೈ ನೋಡಿದೆ. 2014ಕ್ಕೆ ಮುಗಿಸುವ ಹೊತ್ತಿಗೆ 44 ಪಂದ್ಯ ಆಡಿದ್ದ. ಇಪ್ಪತ್ತು ದಾಟಿದ ಮೇಲೆ ಈ ಚೆಂಡು ಕೈಗೆತ್ತಿಕೊಂಡವನಿಗೆ 44 ಅಂದರೆ ಜಾಸ್ತಿನೇ ಅಂತ ನನ್ನ ಲೆಕ್ಕ.

ಫೊಲಾವ್ ಕಥೆ ಬೇರೆ. 2007ರಲ್ಲಿ ಲೀಗ್ ತಂಡ ಮೆಲ್ಬರ್ನ್ ಸ್ಟಾರ್ಮ್ ಪರ ಮೊದಲ ವರ್ಷವೇ 21 ಟ್ರೈ (ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆ ನೆಲಕ್ಕೆ ಒತ್ತುವುದು) ಹೊಡೆದ ಹುಡುಗ. ಎತ್ತರ, ಎಗರುವ ಶಕ್ತಿ, ಗಾಳಿಯಲ್ಲಿ ಚೆಂಡು ಕಿತ್ತುಕೊಳ್ಳುವ ಕೈ. ಮೂಲೆಗೆ ಎತ್ತರಕ್ಕೆ ಒದ್ದ ಚೆಂಡನ್ನು ಇವನು ಹಾರಿ ಹಿಡಿಯುತ್ತಿದ್ದ ರೀತಿ ನೋಡಿದರೆ ಎಎಫ್‌ಎಲ್‌ನ ಮಾರ್ಕ್ (ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮುಂಚೆ ಹಿಡಿಯುವುದು) ಥರಾನೇ ಕಾಣುತ್ತಿತ್ತು. ಪಶ್ಚಿಮ ಸಿಡ್ನಿಯ ಹೊಸ ತಂಡ ಗ್ರೇಟರ್ ವೆಸ್ಟರ್ನ್ ಸಿಡ್ನಿ ಜೈಂಟ್ಸ್ 2010ರ ಜೂನ್‌ನಲ್ಲಿ ಇವನನ್ನು ಹಿಡಿಯಿತು. ನಾಲ್ಕು ವರ್ಷಕ್ಕೆ ಸುಮಾರು 60 ಲಕ್ಷ ಡಾಲರ್ ಅಂತ ಆಗ ಪತ್ರಿಕೆಗಳು ಬರೆದವು. 2012ರಲ್ಲಿ 13 ಪಂದ್ಯ, ಎರಡು ಗೋಲ್, ವರ್ಷ ಮುಗಿಯುವಷ್ಟರಲ್ಲಿ ರಗ್ಬಿ ಯೂನಿಯನ್‌ನ ವಾರಟಾಸ್ ಕಡೆ ಹೊರಟುಹೋದ.

ಚೆಂಡು ಹಿಡಿಯುವುದರಲ್ಲಿ ಅವನಿಗೆ ತೊಂದರೆ ಇರಲಿಲ್ಲ ಅಂತಲೇ ನಾನು ಈಗಲೂ ಹೇಳುತ್ತೇನೆ. ತೊಂದರೆ ಇದ್ದದ್ದು ಚೆಂಡು ಬರುವ ಮುಂಚಿನ ಹತ್ತು ಸೆಕೆಂಡಿನಲ್ಲಿ. ಲೀಗ್‌ನಲ್ಲಿ ಎದುರಾಳಿ ಎದುರಿಗೇ ಸಾಲಾಗಿ ನಿಂತಿರುತ್ತಾನೆ. ಇಲ್ಲಿ ಆಫ್‌ಸೈಡ್ ಅನ್ನುವುದೇ ಇಲ್ಲ, ಜನ ಎಲ್ಲ ದಿಕ್ಕಿಂದಲೂ ಬರುತ್ತಾರೆ. ಹಿಂದಿನಿಂದ ಬಂದು ಚೆಂಡಿಗೆ ಗುದ್ದಿ ಕೆಡಿಸುವುದು ಡಿಫೆಂಡರ್‌ನ ನಿತ್ಯದ ಕೆಲಸ. ಎಲ್ಲಿ ಜಾಗ ಖಾಲಿಯಾಗುತ್ತದೆ, ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಅನ್ನುವುದು ಮೈಗೆ ಇಳಿದಿರಬೇಕು. ನಾವು ಕ್ರಿಕೆಟ್ ಓವಲ್‌ನಲ್ಲಿ ಒಂದಷ್ಟು ಜನ ಸೇರಿ ಆಡಿದಾಗ ನಮ್ಮ ಲೀಗ್ ಹುಲಿಗಳೆಲ್ಲ ಒಂದೇ ಸಾಲಿನಲ್ಲಿ ನಿಂತುಬಿಟ್ಟಿದ್ದರು. ಅಭ್ಯಾಸಬಲ!

ಐರ್ಲೆಂಡಿನವರನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅವರ ಗ್ಯಾಲಿಕ್ ಫುಟ್‌ಬಾಲ್‌ನಲ್ಲಿ ಚೆಂಡು ಗುಂಡಗಿರುತ್ತದೆ. ಆದರೂ ಡಬ್ಲಿನ್‌ನ ಜಿಮ್ ಸ್ಟೈನ್ಸ್ ಇಲ್ಲಿಗೆ ಬಂದು 1991ರಲ್ಲಿ ಎಎಫ್‌ಎಲ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನೇ ಗೆದ್ದರು. ಟೈಗ್ ಕೆನೆಲಿ 2005ರಲ್ಲಿ ಸಿಡ್ನಿ ಸ್ವಾನ್ಸ್ ಜೊತೆ ಪ್ರೀಮಿಯರ್‌ಶಿಪ್ ಗೆದ್ದರು. ಕೈಯಿಂದ ಬಿಟ್ಟು ಒದೆಯುವುದು, ಓಡುತ್ತಾ ಪುಟಿಸುವುದು, ಖಾಲಿ ಜಾಗ ಹುಡುಕುವುದು, ಎಲ್ಲ ಅವರಿಗೆ ಮೊದಲೇ ಇತ್ತು. ಬಂದಾಗ ವಯಸ್ಸೂ ಚಿಕ್ಕದು. ಲೀಗ್ ಚೆಂಡು ಶೆರಿನ್‌ಗೆ ಅಣ್ಣತಮ್ಮನ ಹಾಗೆ ಕಾಣುತ್ತದೆ, ಆದರೆ ಆಟದಲ್ಲಿ ಹತ್ತಿರದ ನೆಂಟ ಆ ಗುಂಡಗಿನ ಚೆಂಡೇ.

ಎಎಫ್‌ಎಲ್‌ನವರು ಇಬ್ಬರನ್ನೂ ಕರೆತಂದಿದ್ದು ಬರೀ ಆಟಕ್ಕಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಲೀಗ್ ಊರುಗಳಲ್ಲಿ ಎರಡು ಹೊಸ ತಂಡ ಕಟ್ಟುತ್ತಿದ್ದರು, ಪತ್ರಿಕೆಯ ಕೊನೆ ಪುಟದಲ್ಲಿ ಜಾಗ ಬೇಕಿತ್ತು. ಜಾಗ ಸಿಕ್ಕಿತು. ಜಾಹೀರಾತಿನ ದುಡ್ಡು ಅಂತ ನೋಡಿದರೆ ಫೊಲಾವ್ ಕೂಡ ಪೂರ್ತಿ ನಷ್ಟವಲ್ಲ. ಆಟದ ದುಡ್ಡು ಅಂತ ನೋಡಿದರೆ ನಷ್ಟವೇ. ಹಂಟ್‌ದು ಮಾತ್ರ ಆಟದ ಲೆಕ್ಕದಲ್ಲೂ ನಿಲ್ಲುತ್ತದೆ.

ಇನ್ನು ಕೊಳ್ಳುವವರಿಗೆ. ತೊಗಲಿನ ಚೆಂಡು ಹುಲ್ಲಿಗೆ ಮಾತ್ರ. ಡಾಂಬರು, ಕಾಂಕ್ರೀಟ್ ಮೇಲೆ ಆಡುವುದಾದರೆ ಕಡಿಮೆ ಬೆಲೆಯ ಸಿಂಥೆಟಿಕ್ ಚೆಂಡು ಸಾಕು. ನಾನು ಮೊದಲು ಒಂದು ಬೇರೆ ಕಂಪನಿಯ ಅಗ್ಗದ ಚೆಂಡು ತಂದಿದ್ದೆ, ಅದರ ಮೊನೆ ಎರಡೂ ಕಡೆ ಒಂದೇ ಥರ ಇರಲಿಲ್ಲ, ಗಾಳಿಯಲ್ಲಿ ಅಲುಗಾಡುತ್ತಿತ್ತು. ಹಾಗಾಗಿ ಅಗ್ಗದ್ದೇ ಕೊಂಡರೂ ಕೈಯಲ್ಲಿ ತಿರುಗಿಸಿ ನೋಡಿ ಕೊಳ್ಳಿ. ಮಕ್ಕಳಿಗೆ ಚಿಕ್ಕ ಅಳತೆಯವು ಸಿಗುತ್ತವೆ, ದೊಡ್ಡ ಚೆಂಡು ಕೊಟ್ಟು ಅವರ ಕೈ ಕೆಡಿಸಬೇಡಿ. ಸಿಡ್ನಿಯ ಅಂಗಡಿಗಳಲ್ಲಿ ಇದನ್ನು ಸ್ವಲ್ಪ ಹುಡುಕಬೇಕಾಗಬಹುದು. ನಾನು ಹೋದ ಅಂಗಡಿಯಲ್ಲಿ ಕೇಳಿದ್ದು ಶೆರಿನ್, ಹುಡುಗ ತಂದುಕೊಟ್ಟಿದ್ದು ಲೀಗ್ ಚೆಂಡು. ಪಂಪ್ ಮತ್ತು ಸೂಜಿಯನ್ನು ಬೇರೆಯಾಗಿ ಕೊಂಡಿಟ್ಟುಕೊಳ್ಳಿ. ಗಾಳಿ 62ರಿಂದ 76 ಕಿಲೋಪ್ಯಾಸ್ಕಲ್ ಒಳಗಿರಬೇಕು. ಇನ್ನೂ ಜಾಸ್ತಿ ತುಂಬಿದರೆ ಪಾದದ ಮೇಲ್ಭಾಗ ನೋಯುತ್ತದೆ, ಕಡಿಮೆಯಾದರೆ ಚೆಂಡು ದೂರ ಹೋಗುವುದಿಲ್ಲ. ಮಳೆಯಲ್ಲಿ ತೊಗಲು ನೀರು ಕುಡಿದು ಭಾರವಾಗುತ್ತದೆ, ಜಾರುತ್ತದೆ. ನೆಂದರೆ ಒರೆಸಿ ನೆರಳಲ್ಲಿ ಒಣಗಿಸಿ, ಹೀಟರ್ ಮುಂದೆ ಇಡಬೇಡಿ.

ಐದರಲ್ಲಿ ನಾಲ್ಕೂವರೆ ಸ್ಟಾರ್. ಅರ್ಧ ಕಡಿಮೆ ಮಾಡಿದ್ದು ಬೆಲೆಗೆ. ನಮ್ಮ ಗುಂಪಿನವರು ಫೊಲಾವ್ ಬಗ್ಗೆ ಈಗಲೂ ಆಡಿಕೊಳ್ಳುತ್ತಾರೆ, ಹಂಟ್ ಬಗ್ಗೆ ಮಾತ್ರ ಬಿಟ್ಟಿದ್ದಾರೆ. ಟಚ್ ಫುಟ್ಟಿ ಮುಗಿದ ಮೇಲೆ ಶೆರಿನ್ ತೆಗೆಸಿ, ಲೀಗ್ ಗೋಲ್ ಕಂಬಗಳ ನಡುವೆ ಡ್ರಾಪ್ ಪಂಟ್ ಒದೆಯುವ ಪಂದ್ಯ ಕಟ್ಟುತ್ತಾರೆ. ಸೋತವರದ್ದು ಕಾಫಿ ಖರ್ಚು, ಸದ್ಯಕ್ಕೆ ಜಾಸ್ತಿ ಕಾಫಿ ಕೊಡಿಸಿರುವುದು ನಾನೇ.